ಹಗುರ ದೋಣಿಗೆ ಯಾವ ಟೈರು? ಸನ್‌ಫಿಶ್ ಟ್ರೈಲರ್ ಕೆಲಸದ ದಿನಚರಿ

ಏಪ್ರಿಲ್ 20, ಭಾನುವಾರ

ಮಿಶಿಗನ್ನಿನ ಚಳಿ ಒಂದಿಷ್ಟು ಬಿಟ್ಟಿದೆ. ಇವತ್ತು ಗ್ಯಾರೇಜಿನಿಂದ ಸನ್‌ಫಿಶ್ ಅನ್ನುವ ಸಣ್ಣ ಹಾಯಿದೋಣಿ ಹೊರಗೆಳೆದು, ಮಗುಚಿ ಹಾಕಿ ತಳ ತೊಳೆದೆ. ಒರೆಸುವಾಗ ಬೆರಳಿಗೆ ಕೂದಲೆಳೆಯಷ್ಟು ಸಣ್ಣದೇನೋ ತಗುಲಿತು. ಟಾರ್ಚ್ ಬಿಟ್ಟು ನೋಡಿದರೆ ಗೀರಲ್ಲ, ಬಿರುಕು. ದೋಣಿ ಕೂರಲು ಟ್ರೈಲರಿನ ಮೇಲೆ ಕಾರ್ಪೆಟ್ ಸುತ್ತಿದ ಎರಡು ಮರದ ಪಟ್ಟಿಗಳಿರುತ್ತವೆ, ಇಲ್ಲಿ ಬಂಕ್ ಅನ್ನುತ್ತಾರೆ. ಎಡಗಡೆ ಬಂಕಿನ ಹಿಂದಿನ ತುದಿ ಎಲ್ಲಿ ತಾಗುತ್ತದೋ ಸರಿಯಾಗಿ ಅಲ್ಲೇ ಜೇಡನ ಕಾಲಿನ ಹಾಗೆ ಐದು ಬಿರುಕು ಹರಡಿವೆ. ಒಡೆದಿರುವುದು ಮೇಲಿನ ಜೆಲ್‌ಕೋಟ್, ಅಂದರೆ ಹೊರಗಿನ ನುಣುಪು ಪದರ ಮಾತ್ರ; ಒಳಗಿನ ಫೈಬರ್‌ಗ್ಲಾಸ್ ಒತ್ತಿದರೆ ಗಟ್ಟಿಯಾಗಿಯೇ ಇದೆ. ಐದೂ ಬಿರುಕುಗಳ ತುದಿಗೆ ಪೆನ್ಸಿಲಿನಲ್ಲಿ ಒಂದೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿಟ್ಟೆ.

ಹೋದ ವರ್ಷ ನೀರಿನಲ್ಲಿ ಈ ದೋಣಿ ಯಾವ ಕಲ್ಲಿಗೂ ತಾಗಿಲ್ಲ. ಏಟು ಬಿದ್ದಿದ್ದರೆ ರಸ್ತೆಯಲ್ಲೇ ಬಿದ್ದಿರಬೇಕು. ನೋವಾಯ್‌ನಿಂದ ಕೆನ್ಸಿಂಗ್ಟನ್ ಮೆಟ್ರೋಪಾರ್ಕಿನ ಕೆಂಟ್ ಲೇಕ್‌ಗೆ ಐ-96 ಹೆದ್ದಾರಿಯಲ್ಲಿ ಹೋಗಿ ಬರುವಾಗಲೆಲ್ಲ ಕನ್ನಡಿಯಲ್ಲಿ ಟ್ರೈಲರ್ ಕುಣಿಯುವುದು ಕಾಣುತ್ತಿತ್ತು. ಬಿರುಕಿನೊಳಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಇಲ್ಲಿನ ರಸ್ತೆಗಳು ಪ್ರತಿ ವಸಂತದಲ್ಲೂ ಗುಂಡಿ ಬೀಳುತ್ತವೆ. ಗುಂಡಿಗಳ ಮೇಲೆ ನನಗೆ ಹಿಡಿತವಿಲ್ಲ, ಟ್ರೈಲರಿನ ಮೇಲೆ ಇದೆ.

ಏಪ್ರಿಲ್ 27

ಮೊದಲು ತೂಕ. ಸ್ನಾನದ ಮನೆಯ ತೂಕದ ಯಂತ್ರವನ್ನು ಒಂದೊಂದು ಚಕ್ರದ ಕೆಳಗೂ ಇಟ್ಟು, ಇನ್ನೊಂದು ಚಕ್ರದ ಕೆಳಗೆ ಅಷ್ಟೇ ದಪ್ಪದ ಹಲಗೆ ಕೊಟ್ಟು ನೋಡಿದೆ. ದೋಣಿ, ಕಂಬ, ಹಾಯಿ, ಚುಕ್ಕಾಣಿ ಎಲ್ಲ ಹೇರಿದ ಮೇಲೆ ಎಡಚಕ್ರ 201 ಪೌಂಡ್, ಬಲಚಕ್ರ 208, ಕಾರಿನ ಕೊಕ್ಕೆಯ ಮೇಲೆ 42. ಒಟ್ಟು 451 ಪೌಂಡ್, ಅಂದರೆ ಸುಮಾರು 205 ಕಿಲೋ. (ಸನ್‌ಫಿಶ್ ಹೊಸದಿದ್ದಾಗ ಹಲ್ (ಕಂಬ, ಹಾಯಿ ಬಿಟ್ಟು ಬರೀ ದೋಣಿಯ ಒಡಲು) ಸುಮಾರು 120 ಪೌಂಡ್ ಇರುತ್ತದೆ. ನನ್ನದು ಹಳೆಯದು, ಒಳಗಿನ ಫೋಮ್ ನೀರು ಕುಡಿದು ಭಾರವಾಗಿದೆ. ಅದನ್ನು ಒಣಗಿಸುವುದು ಬೇರೆಯೇ ಕೆಲಸ.)

ಈಗ ಟೈರು. 4.80-8 ಅಳತೆ, ಅಂದರೆ ಅಗಲ 4.8 ಇಂಚು, ರಿಮ್ಮು 8 ಇಂಚು; ಬಯಾಸ್ ಪ್ಲೈ (ಒಳಗಿನ ನಾರಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುವ ಟೈರು), ಲೋಡ್ ರೇಂಜ್ (ಹೊರುವ ಶಕ್ತಿಯ ದರ್ಜೆ) ಸಿ. ಪಕ್ಕದ ಗೋಡೆಯಲ್ಲಿ 90 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಗಾಳಿಗೆ 745 ಪೌಂಡ್ ಎಂದು ಅಚ್ಚಾಗಿದೆ. ಟ್ರೈಲರ್ ತಂದಾಗಿನಿಂದ ಆ 90 ನೋಡಿ ನೋಡಿ ಅಷ್ಟೇ ಗಾಳಿ ಹೊಡೆಸುತ್ತಿದ್ದೆ. ಆದರೆ ಆ ಅಂಕಿಯ ಅರ್ಥ ಬೇರೆ: 745 ಪೌಂಡ್ ಹೊರಬೇಕಾದರೆ 90 ಬೇಕು, ಅದಕ್ಕಿಂತ ಮೇಲೆ ಹೋಗಬಾರದು ಎಂದಷ್ಟೇ. ನನ್ನ ಟೈರು ಹೊರುತ್ತಿರುವುದು ಅದರ ಕಾಲುಭಾಗಕ್ಕಿಂತ ಚೂರು ಹೆಚ್ಚು. ಅಷ್ಟು ಭಾರಕ್ಕೆ 90 ಪಿಎಸ್‌ಐ ತುಂಬಿದ ಸಣ್ಣ ಟೈರು ಕಲ್ಲಿನ ಚಕ್ರವೇ ಸರಿ.

ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಮಂಡ್ಯದಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆದವರು ಅವರು. ‘ಖಾಲಿ ಟ್ರೈಲರ್‌ಗೆ ಅಷ್ಟೊಂದ್ ಗಾಳಿ ಯಾಕ್ಲಾ ಹೊಡುಸ್ದೆ? ಕುಣೀದೆ ಇನ್ನೇನ್ ಮಾಡ್ತದೆ?’ ಅಂದರು. ನಿಜ. ಕಬ್ಬು ತುಂಬಿ ಕಾರ್ಖಾನೆಗೆ ಹೋಗುವಾಗ ತೊಟ್ಟಿಲಿನ ಹಾಗೆ ಹೋಗುವ ಗಾಡಿ, ಇಳಿಸಿ ಬರುವಾಗ ಅದೇ ದಾರಿಯಲ್ಲಿ ದಡಬಡ ಅಂತ ಹಾರಾಡುತ್ತಿತ್ತು. ಚಿಕ್ಕವನಿದ್ದಾಗ ಹಿಂದೆ ಕೂತು ಬಂದ ಸೊಂಟನೋವು ಇನ್ನೂ ನೆನಪಿದೆ. ನನ್ನ ದೋಣಿ ಟ್ರೈಲರ್ ಯಾವಾಗಲೂ ಆ ಖಾಲಿ ಬರುವ ಗಾಡಿಯೇ.

ಮೇ 4

ಸ್ಪ್ರಿಂಗ್ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಿತ್ತು. ಇದರಲ್ಲಿರುವುದು ಲೀಫ್ ಸ್ಪ್ರಿಂಗ್, ಊರಲ್ಲಿ ಕಮಾನು ಪಟ್ಟಿ ಅನ್ನುತ್ತೇವಲ್ಲ ಅದೇ. ಒಟ್ಟು 1,000 ಪೌಂಡ್ ಹೊರಲು ಮಾಡಿದ್ದು. ಮಗಳ ಆಟದ ಜೇಡಿಮಣ್ಣು ಕೇಳಿ ತಂದು, ಆಕ್ಸಲ್ ಮೇಲೆ ಹೆಬ್ಬೆರಳು ದಪ್ಪದ ಕಂಬ ಮಾಡಿ, ತುದಿ ಚೌಕಟ್ಟಿಗೆ ಸುಮ್ಮನೆ ತಾಗುವಂತೆ ನಿಲ್ಲಿಸಿದೆ. ಚಾಸಿ ಎಷ್ಟು ಕೆಳಗಿಳಿಯುತ್ತದೋ ಅಷ್ಟು ಮಣ್ಣು ಚಪ್ಪಟೆಯಾಗುತ್ತದೆ. ಖರ್ಚಿಲ್ಲದ ಅಳತೆಗೋಲು.

ಗ್ರ್ಯಾಂಡ್ ರಿವರ್ ಅವೆನ್ಯೂದಲ್ಲಿ ಹೆಂಡತಿ ಕಾರು ಓಡಿಸಿದಳು, ನಾನು ಇನ್ನೊಂದು ಕಾರಿನಲ್ಲಿ ಹಿಂದೆ ಹೋದೆ. 90 ಪಿಎಸ್‌ಐನಲ್ಲಿ, ಗಂಟೆಗೆ 45 ಮೈಲಿ ವೇಗದಲ್ಲಿ, ರಸ್ತೆಯ ಒಂದು ತೇಪೆ ದಾಟುವಾಗ ಬಲಚಕ್ರದ ಕೆಳಗೆ ಬೆಳಕು ಕಂಡಿತು. ಚಕ್ರ ನೆಲ ಬಿಟ್ಟಿತ್ತು! ಮನೆಗೆ ಬಂದು ನೋಡಿದರೆ ಮಣ್ಣಿನ ಕಂಬ ಮುಕ್ಕಾಲು ಇಂಚೂ ಒತ್ತಿಲ್ಲ. ಅದೂ ಅತಿ ದೊಡ್ಡ ಏಟಿಗೆ. ಸಣ್ಣ ಪುಟ್ಟ ಉಬ್ಬುಗಳಿಗೆ ಪಟ್ಟಿಗಳು ಒಂದರ ಮೇಲೊಂದು ಜಾರುವುದೇ ಇಲ್ಲ, ತುಕ್ಕಿನ ಉಜ್ಜಾಟವೇ ಹಿಡಿದುಕೊಂಡಿರುತ್ತದೆ. ಹಾಗಾದರೆ ಈ ದೋಣಿಗೂ ರಸ್ತೆಗೂ ನಡುವೆ ನಿಜವಾಗಿ ಬಗ್ಗಬಲ್ಲದ್ದು ಒಂದೇ ಒಂದು, ಅದು ಟೈರಿನೊಳಗಿನ ಗಾಳಿ. ಈ ಕೆಲಸದಲ್ಲಿ ನನಗೆ ಬೇಕಿದ್ದ ಉತ್ತರ ಇದು. ಬಂಕಿಗೆ ಇನ್ನೊಂದು ಪದರ ಕಾರ್ಪೆಟ್ ಹೊಡೆಯುವ ಯೋಚನೆ ಅಲ್ಲಿಗೇ ಬಿಟ್ಟೆ.

ಟೈರು ತಯಾರಕರು ಗಾಳಿಗೆ ತಕ್ಕ ಭಾರದ ಪಟ್ಟಿ ಕೊಡುತ್ತಾರೆ. ಅದನ್ನು ಎದುರಿಗಿಟ್ಟುಕೊಂಡೇ ಗಾಳಿ ಇಳಿಸುತ್ತಾ ಬಂದೆ; ಅಂದಾಜಿನ ಮೇಲೆ ಇಳಿಸುವ ಕೆಲಸ ಇದಲ್ಲ. 60ಕ್ಕೆ ಸದ್ದು ಕಡಿಮೆಯಾಯಿತು, ಚಕ್ರ ಇನ್ನೂ ಹಾರುತ್ತಿತ್ತು. 35ಕ್ಕೆ ನೆಲ ಹಿಡಿಯಿತು. ಇನ್ನೂ ನೋಡೋಣ ಎಂದು ಮನೆ ಹಿಂದಿನ ಬೀದಿಯಲ್ಲಿ 20 ಪಿಎಸ್‌ಐನಲ್ಲಿ ನಿಧಾನವಾಗಿ ಎಳೆದರೆ ತಿರುವಿನಲ್ಲಿ ಟ್ರೈಲರಿನ ಬಾಲ ಅಲ್ಲಾಡಿತು, ನಿಲ್ಲಿಸಿ ಮುಟ್ಟಿದಾಗ ಟೈರಿನ ಭುಜ ಬೆಚ್ಚಗಿತ್ತು. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಸಿಯೇರುತ್ತದೆ, ಟ್ರೈಲರ್ ಟೈರು ಸಿಡಿಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮತ್ತೆ 35ಕ್ಕೆ ತಂದೆ.

ಆಗಲೇ ಕಣ್ಣಿಗೆ ಬಿದ್ದದ್ದು ಟೈರಿನ ಮೇಲೆ ಅಚ್ಚಾದ ಡಾಟ್ (ತಯಾರಿಕೆಯ ಗುರುತು) ಸಂಖ್ಯೆಯ ಕೊನೆಯ ನಾಲ್ಕು ಅಂಕಿ: 2314. ಅಂದರೆ 2014ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದೆ. ಗೋಡೆಯಲ್ಲಿ ಸಣ್ಣ ಸಣ್ಣ ಸೀಳು ಬೇರೆ. ಹೆದ್ದಾರಿಗೆ ಇವು ಬೇಡ.

ಮೇ 11

ಅಂಗಡಿಯವರ ಸಲಹೆ, ಲೋಡ್ ರೇಂಜ್ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು. ತೂಕ ಹೊತ್ತ ಟ್ರೈಲರಿಗೆ ಆ ಮಾತು ಸರಿ. 450 ಪೌಂಡಿನ ಟ್ರೈಲರಿಗೆ ತಪ್ಪು ಎಂದೇ ನನ್ನ ಅಭಿಪ್ರಾಯ. ಅವರು ತೋರಿಸಿದ ಎಸ್‌ಟಿ145ಆರ್12 (ಎಸ್‌ಟಿ ಅಂದರೆ ಟ್ರೈಲರಿಗೆಂದೇ ಮಾಡಿದ್ದು) ರೇಡಿಯಲ್ (ನಾರುಗಳು ಅಂಚಿನಿಂದ ಅಂಚಿಗೆ ನೇರ ಅಡ್ಡ ಇರುವ ಟೈರು), ಲೋಡ್ ರೇಂಜ್ ಡಿ, 1,220 ಪೌಂಡ್ ಹೊರುತ್ತದೆ. ರೇಡಿಯಲ್ ಅಂದರೆ ಮೆತ್ತಗೆ ಎಂದು ಕಾರಿನ ಅನುಭವದಿಂದ ಅಂದುಕೊಳ್ಳುತ್ತೇವೆ. ಈ ಸಣ್ಣ ಅಳತೆಯಲ್ಲಿ ಅಷ್ಟು ಭಾರಕ್ಕೆಂದು ಗಟ್ಟಿಮಾಡಿದ ಟೈರು ನನ್ನ 200 ಪೌಂಡಿಗೆ ತಲೆಬಾಗುವುದಿಲ್ಲ.

ಆರಿಸಿದ್ದು 5.30-12, ಬಯಾಸ್ ಪ್ಲೈ, ಲೋಡ್ ರೇಂಜ್ ಬಿ. 55 ಪಿಎಸ್‌ಐಗೆ 840 ಪೌಂಡ್. ಹಳೆಯದಕ್ಕಿಂತ ಹೊರುವ ಶಕ್ತಿ ಹೆಚ್ಚು, ಬೇಕಾದ ಗಾಳಿ ಕಡಿಮೆ, ಏಕೆಂದರೆ ಒಳಗೆ ಗಾಳಿಗೆ ಜಾಗ ಹೆಚ್ಚು. ಎತ್ತರವೂ ಮುಖ್ಯ. ಹಳೇ ಚಕ್ರದ ವ್ಯಾಸ ಸುಮಾರು 16 ಇಂಚು, ಹೊಸದು ಸುಮಾರು 20.5. ಎಂಟಿಂಚು ಅಗಲದ ಗುಂಡಿ ಬಂತು ಅಂದುಕೊಳ್ಳಿ. ಲೆಕ್ಕ ಹಾಕಿದರೆ 16ರ ಚಕ್ರ ಅದರೊಳಗೆ ಒಂದಿಂಚಿಗಿಂತ ಚೂರು ಹೆಚ್ಚು ಇಳಿಯುತ್ತದೆ, 20.5ರದ್ದು ಮುಕ್ಕಾಲು ಇಂಚಿನ ಆಸುಪಾಸು. ಎದುರಿನ ಅಂಚು ಚಕ್ರಕ್ಕೆ ಹೊಡೆಯುವ ಕೋನವೂ 30 ಡಿಗ್ರಿಯಿಂದ 23ಕ್ಕೆ ಇಳಿಯುತ್ತದೆ. ಇನ್ನೊಂದು ಲಾಭ ಬೇರಿಂಗಿಗೆ: ಗಂಟೆಗೆ 60 ಮೈಲಿಯಲ್ಲಿ ಹಳೇ ಚಕ್ರ ನಿಮಿಷಕ್ಕೆ ಸುಮಾರು 1,260 ಸುತ್ತು ತಿರುಗುತ್ತಿತ್ತು, ಹೊಸದು 985. ಪ್ರತಿ ಸಲವೂ ಕೆರೆಯಲ್ಲಿ ಮುಳುಗಿ ಏಳುವ ಬೇರಿಂಗಿಗೆ ಇದು ಸಣ್ಣ ಸಮಾಧಾನವಲ್ಲ.

ಚಕ್ರವನ್ನು ಆಕ್ಸಲ್ಲಿಗೆ ಹಿಡಿಸುವ ಹಬ್‌ನಲ್ಲಿ ನಾಲ್ಕಿಂಚು ವೃತ್ತದ ಮೇಲೆ ನಾಲ್ಕು ಬೋಲ್ಟು. 12 ಇಂಚಿನ ರಿಮ್ಮು ಅದೇ ಅಳತೆಗೆ ಸಿಗುತ್ತದೆ, ಹಬ್ ಬದಲಿಸಬೇಕಿಲ್ಲ.

ಮೇ 25

ಚಕ್ರ ಕೂರಿಸಲು ಹತ್ತು ನಿಮಿಷ, ಮಡ್‌ಗಾರ್ಡ್ ಎತ್ತಲು ಇಡೀ ದಿನ. ಹಳೇ ಜಾಗದಲ್ಲಿ ಟೈರಿನ ನೆತ್ತಿ ತಗಡಿಗೆ ತಾಗುತ್ತಿತ್ತು. ಗ್ಯಾಲ್ವನೈಸ್ ಮಾಡಿದ ಎಲ್ ಪಟ್ಟಿ ಕತ್ತರಿಸಿ, ತೂತು ಕೊರೆದು, ಮೂರಿಂಚು ಮೇಲಕ್ಕೆತ್ತಿದೆ. ಸ್ಪ್ರಿಂಗ್ ಪೂರ್ತಿ ಕೂತರೂ ತಾಗಬಾರದು ಎಂದು ಜೇಡಿಮಣ್ಣಿನ ಉಂಡೆ ಇಟ್ಟು ಪರೀಕ್ಷಿಸಿದೆ. ಹಬ್ ಬಿಚ್ಚಿದ ಮೇಲೆ ಸುಮ್ಮನಿರಲಾಗದೆ ಬೇರಿಂಗುಗಳನ್ನೂ ತೊಳೆದು ಹೊಸ ಗ್ರೀಸ್ ತುಂಬಿದೆ. ಬಲಗಡೆಯ ಹಳೇ ಗ್ರೀಸು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು, ನೀರು ಹೋಗಿದೆ. ಸೀಲೂ ಬದಲಾಯಿತು.

ಜೂನ್ 1

ಹೊಸ ಟೈರಿನ ಮೊದಲ ಓಟ, ಕೆಂಟ್ ಲೇಕ್‌ಗೆ. 40 ಪಿಎಸ್‌ಐನಿಂದ ಶುರು. ಅದೇ ತೇಪೆಯ ಮೇಲೆ ಹೆಂಡತಿ ಅದೇ 45ರಲ್ಲಿ ಓಡಿಸಿದಳು, ಚಕ್ರ ನೆಲ ಬಿಡಲಿಲ್ಲ. ಗಾಳಿ 30ಕ್ಕೆ ಇಳಿಸಿದಾಗ ಐ-96ರ ಕಾಂಕ್ರೀಟ್ ಜೋಡಣೆಗಳ ಟಕ್ ಟಕ್ ಕಾರಿನೊಳಗೆ ಕೇಳಿಸುವುದೇ ನಿಂತಿತು. ಕೊಕ್ಕೆಯ ಹತ್ತಿರ ಲೋಹ ಲೋಹಕ್ಕೆ ಬಡಿಯುವ ಸದ್ದೂ ಇಲ್ಲ. ಮಣ್ಣಿನ ಕಂಬ ಕಾಲಿಂಚೂ ಒತ್ತಿರಲಿಲ್ಲ. ಏಟು ಮೇಲಿನವರೆಗೆ ಬರುತ್ತಲೇ ಇಲ್ಲ.

ವಾಪಸ್ ಬರುವಾಗ ಗಾಳಿ 25 ಮಾಡಿ ನೋಡಿದೆ. ವೇಗ ಗಂಟೆಗೆ 50 ಮೈಲಿ ದಾಟಿದ ಮೇಲೆ ಟ್ರೈಲರ್ ನಿಧಾನವಾಗಿ, ಚೆಂಡಿನ ಹಾಗೆ, ಮೇಲೆ ಕೆಳಗೆ ತೂಗತೊಡಗಿತು. ಇದಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ. ಪಟ್ಟಿಗಳ ಉಜ್ಜಾಟವೊಂದೇ ತೂಗಾಟ ನಿಲ್ಲಿಸಬೇಕು. ಟೈರೇ ಎಲ್ಲ ಬಗ್ಗಿದರೆ ಪಟ್ಟಿ ಅಲುಗುವುದಿಲ್ಲ, ತೂಗಾಟ ನಿಲ್ಲಿಸುವವರೂ ಇಲ್ಲ. ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು ಎಂಬ ಲೆಕ್ಕ ಇಲ್ಲಿಗೆ ಮುಗಿಯಿತು. ನನ್ನ ಭಾರಕ್ಕೆ 30 ಪಿಎಸ್‌ಐ, ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆದದ್ದು. 50 ಮೈಲಿ ಆದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿದೆ.

ಜೂನ್ 15

ಎತ್ತರದ ಚಕ್ರಕ್ಕೆ ಕೊಡಬೇಕಾದ ಬೆಲೆ ನೀರಿಗಿಳಿಸುವ ಕಡೆ ಗೊತ್ತಾಯಿತು. ದೋಣಿ ಎರಡೂಕಾಲು ಇಂಚು ಮೇಲೆ ಕೂತಿದೆ, ಹಾಗಾಗಿ ಇಳಿಜಾರಿನಲ್ಲಿ ಮೊದಲಿಗಿಂತ ಒಂದೂವರೆ ಅಡಿಯಷ್ಟು ಹಿಂದಕ್ಕೆ ಹೋದರೆ ಮಾತ್ರ ತೇಲುತ್ತದೆ. ನನ್ನ ಚಪ್ಪಲಿ ನೆನೆಯಿತು, ಅಷ್ಟೇ.

ಜುಲೈ 6

ಮೂರು ದಿನ ಹಿಗ್ಗಿನ್ಸ್ ಲೇಕ್‌ಗೆ ಹೋಗಿ ಬಂದೆವು. ಒಂದು ಕಡೆಗೇ ಎರಡೂವರೆ ಗಂಟೆ ಹೆದ್ದಾರಿ, ಗಂಟೆಗೆ 60 ಮೈಲಿ ಮೀರದೆ ಓಡಿಸಿದೆ. ಬೇರೆ ಗುರುತಿಲ್ಲದ ಎಸ್‌ಟಿ ಟೈರಿಗೆ 65 ಮಿತಿ. ನಿಲ್ಲಿಸಿದಲ್ಲೆಲ್ಲ ಇಳಿದು ಹಬ್ ಮುಟ್ಟಿ ನೋಡಿದೆ, ಕೈ ಇಟ್ಟುಕೊಂಡೇ ಇರುವಷ್ಟು ಮಾತ್ರ ಬಿಸಿ. ಮೊದಲು ಅರ್ಧ ಗಂಟೆಗೊಮ್ಮೆ ಸಡಿಲಾಗುತ್ತಿದ್ದ, ದೋಣಿ ಕಟ್ಟುವ ಬೆಲ್ಟು ಮನೆಯಲ್ಲಿ ಬಿಗಿದ ಹಾಗೆಯೇ ಇತ್ತು. ಆ ನೀರಿನ ತಿಳಿಯಲ್ಲಿ ಮಗಳು ಮೊದಲ ಸಲ ತಾನೇ ಹಾಯಿ ಹಿಡಿದಳು.

ಇವತ್ತು ದೋಣಿ ಮಗುಚಿ ನೋಡಿದೆ. ಐದು ಬಿರುಕು, ಐದು ಪೆನ್ಸಿಲ್ ಗೆರೆ, ಏಪ್ರಿಲ್ 20 ಎಂಬ ನನ್ನ ಬರಹ ಅರ್ಧ ಅಳಿಸಿದೆ. ಒಂದು ಬಿರುಕೂ ಗೆರೆ ದಾಟಿಲ್ಲ. ಇನ್ನು ಉಜ್ಜಿ ಜೆಲ್‌ಕೋಟ್ ತುಂಬಬಹುದು. ಬಲಟೈರಿನ ಒಳ ಅಂಚು ಹೊರ ಅಂಚಿಗಿಂತ ಸ್ವಲ್ಪ ಹೆಚ್ಚು ಸವೆದ ಹಾಗಿದೆ, ಆಕ್ಸಲ್ ನೇರವಿದೆಯೇ ಎಂದು ಮುಂದಿನ ವಾರ ದಾರ ಹಿಡಿದು ನೋಡಬೇಕು. ಸ್ಟೆಪ್ನಿ ಇನ್ನೂ ಹಳೇ ಎಂಟಿಂಚಿನದೇ ಇದೆ, ಅದನ್ನೂ ಬದಲಿಸಬೇಕು.