ಅರಿಸಿನ ಬಳಿದ ಮೊರ

ಈ ಸಲದ ಸ್ವರ್ಣಗೌರಿ ವ್ರತ 2025ರ ಆಗಸ್ಟ್ 26ರಂದು, ಮಂಗಳವಾರ ಬಂದಿತ್ತು. ಹಬ್ಬದ ಹಿಂದಿನ ದಿನ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಬಾಗಿನದ ಮೊರಗಳಿಗೆ ಅರಿಸಿನ ಬಳಿಯುತ್ತಿದ್ದಾಗ, ಮಾರನೆಯ ದಿನ ಮಂಗಳವಾರವೆಂಬ ಕಾರಣಕ್ಕೋ ಏನೋ, ನಲವತ್ತೊಂದು ವರ್ಷಗಳ ಹಿಂದಿನ ಒಂದು ಶ್ರಾವಣ ಮಂಗಳವಾರ ನೆನಪಿಗೆ ಬಂದಿತು. ಹಾಗೆ ನೋಡಿದರೆ ಹದಿನಾಲ್ಕು ವರ್ಷಗಳಿಂದ ಈ ಕೆಲಸವನ್ನು ನಾನು ಮಾಡಿರಲೇ ಇಲ್ಲ. ಅದು ನನ್ನ ಓರಗಿತ್ತಿಯ ಕೆಲಸವಾಗಿತ್ತು. ಯುಗಾದಿ ಕಳೆದ ಮೇಲೆ ಅವರು ತೀರಿಕೊಂಡರು.

1984ರಲ್ಲಿ ಮದುವೆಯಾಗಿ ನಂಜನಗೂಡಿನ ಆ ಮನೆಗೆ ನಾನು ಕಿರಿಯ ಸೊಸೆಯಾಗಿ ಬಂದೆ. ಮಂಗಳಗೌರಿ ವ್ರತದ ಮೊದಲ ವಾರವನ್ನು ತವರಿನಲ್ಲಿ ಮುಗಿಸಿ ಎರಡನೆಯ ವಾರಕ್ಕೆ ಗಂಡನ ಮನೆಯಲ್ಲಿ ಕುಳಿತಿದ್ದೆ. ಈ ವ್ರತ ಮಾಡಿದವರಿಗೆ ಗೊತ್ತಿರುವಂತೆ, ಕಥೆ ಓದುವಷ್ಟು ಹೊತ್ತೂ ತಂಬಿಟ್ಟಿನ ದೀಪಗಳ ಉರಿಯ ಮೇಲೆ ತುಪ್ಪ ಸವರಿದ ಮಗುಚುವ ಕೈಯನ್ನು ಹಿಡಿದಿರಬೇಕು, ಅದರಲ್ಲಿ ಕೂತ ಕಪ್ಪನ್ನೇ ಕಾಡಿಗೆಯಾಗಿ ಹಚ್ಚಿಕೊಳ್ಳಬೇಕು. ಅಲ್ಪಾಯುಷಿಯಾದ ಗಂಡನನ್ನು ಕಚ್ಚಲು ಬಂದ ಹಾವು ಕೊಡದೊಳಗೆ ಸೇರಿ, ಆ ಕೊಡದ ಬಾಯಿಗೆ ಎಳೆಯ ಹೆಂಡತಿ ರವಿಕೆಯನ್ನು ಕಟ್ಟಿದಳೆಂಬಲ್ಲಿಗೆ ಕಥೆ ಬಂದಿತ್ತು. ಕಬ್ಬಿಣದ ಹಿಡಿ ಕಾದು ಅಂಗೈ ಸುಟ್ಟಿತು, ನಾನು ಅದನ್ನು ಕೈಬಿಟ್ಟೆ. ಎರಡು ದೀಪಗಳು ಆರಿದವು. ಅತ್ತೆಯವರು ಓದುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ.

ಆಗ ಹಿಂದೆ ಕುಳಿತಿದ್ದ ಅಕ್ಕ, ಅಂದರೆ ನನ್ನ ಓರಗಿತ್ತಿ, ಯಾವ ಗಡಿಬಿಡಿಯೂ ಇಲ್ಲದೆ ಮುಂದೆ ಬಂದು ದೀಪ ಹೊತ್ತಿಸಿ, ಹಿಡಿಗೆ ತಮ್ಮ ಸೆರಗಿನ ತುದಿಯನ್ನು ಸುತ್ತಿ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, "ಬಿಗಿ ಹಿಡೀಬೇಡ ಕಣೇ, ಮಸಿ ತಾನಾಗಿ ಕೂರತ್ತೆ. ನೀವು ಓದಿ ಅತ್ತೆ" ಎಂದರು. ಹಾವು ಹೋಗಿ ಹಾರವಾಗುವ ತನಕ ಆ ಕೈ ಹಾಗೆಯೇ ಇತ್ತು. ರಾತ್ರಿ ಪಾತ್ರೆ ತೊಳೆಯುವಾಗ ಅವರು ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರು. ಅವರ ಮೊದಲ ವರ್ಷ ತಂಬಿಟ್ಟಿನ ದೀಪವೊಂದು ಸೀಳಿ ತುಪ್ಪವೆಲ್ಲ ಸೋರಿಹೋಗಿತ್ತಂತೆ, ಯಾರಿಗೂ ತಿಳಿಯದಂತೆ ಅದನ್ನು ಹಿಟ್ಟಿನಿಂದ ಮೆತ್ತಿಬಿಟ್ಟಿದ್ದರಂತೆ. "ಗೌರಿ ಒಬ್ಬಳಿಗೇ ಗೊತ್ತು, ಈಗ ನಿನಗೆ" ಎಂದು ನಕ್ಕರು.

ಓರಗಿತ್ತಿಯರ ಬಗ್ಗೆ ಲೋಕ ಒಳ್ಳೆಯ ಮಾತಾಡುವುದು ಕಡಿಮೆ. ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಇಬ್ಬರನ್ನು ಒಂದೇ ಒಲೆಯ ಮುಂದೆ ನಿಲ್ಲಿಸಿ, ಯಾರ ಸಾರು ಚೆನ್ನಾಗಿದೆಯೆಂದು ಮೂರನೆಯವರು ತೀರ್ಪು ಕೊಡುತ್ತಿದ್ದರೆ ಒಳ್ಳೆಯ ಮಾತು ಹುಟ್ಟುವುದಾದರೂ ಹೇಗೆ? ಬಾಗಿನ ಕೊಡುವಾಗ ನಾವು ಹೇಳುವ "ರಾಮಪತ್ನಿ ಮಹಾಭಾಗೇ" ಎಂಬ ಶ್ಲೋಕ ಸೀತೆಯನ್ನು ನೆನೆಯುತ್ತದೆ. ಆ ಸೀತೆಗೆ ಓರಗಿತ್ತಿಯಾದ ಊರ್ಮಿಳೆ ತಂಗಿಯೂ ಆಗಿದ್ದಳು. ನಮಗೆ ಆ ಅನುಕೂಲವಿರಲಿಲ್ಲ. ನಾವು ಬಾಗಿನದಿಂದ ಬಾಗಿನಕ್ಕೆ ಸ್ನೇಹಿತೆಯರಾದೆವು.

ಗೌರಿ ಹಬ್ಬದ ಮೊರದ ಬಾಗಿನವನ್ನು ಬಲ್ಲವರು ಬಲ್ಲರು: ಒಂದು ಮೊರದಲ್ಲಿ ಅಕ್ಕಿ, ಬೇಳೆಗಳು, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ, ಅರಿಸಿನ ಕುಂಕುಮ, ಬಳೆ ಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ. ಅದರ ಮೇಲೆ ಇನ್ನೊಂದು ಮೊರವನ್ನು ಮುಚ್ಚಿ, ಸೆರಗು ಹಿಡಿದು ಕೊಡಬೇಕು, ಸೆರಗು ಹಿಡಿದೇ ತೆಗೆದುಕೊಳ್ಳಬೇಕು. ಆ ಮುಚ್ಚಿದ ಮೊರ ನಮಗೆ ಒಂದು ಕಾಲದಲ್ಲಿ ಅಂಚೆಪೆಟ್ಟಿಗೆಯೂ ಆಗಿತ್ತು. ಮನೆ ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮೂರು ವರ್ಷ ಮಾತಿರಲಿಲ್ಲ. ನಡುಮನೆಗೆ ಗೋಡೆ ಎದ್ದಿತ್ತು, ಹೆಂಗಸರೂ ಹೋಗಿಬರಬಾರದೆಂದು ಕಟ್ಟಪ್ಪಣೆಯಾಗಿತ್ತು. ಆದರೆ ವ್ರತದ ಬಾಗಿನವನ್ನು ಬೇಡವೆನ್ನುವ ಧೈರ್ಯ ಯಾವ ಗಂಡಸಿಗಿದೆ! ಮೊದಲ ವರ್ಷ ಅಕ್ಕನಿಂದ ಬಂದ ಮೊರದ ಅಕ್ಕಿಯಲ್ಲಿ ಕೈಯಾಡಿಸಿದಾಗ ಸಣ್ಣ ಚೀಟಿಯೊಂದು ಸಿಕ್ಕಿತು. "ಸಂಜೆ ದೇವಸ್ಥಾನಕ್ಕೆ ಬಾ" ಎಂದಷ್ಟೇ ಬರೆದಿತ್ತು. ಶ್ರೀಕಂಠೇಶ್ವರನ ಗುಡಿಯಲ್ಲಿ ಪಾರ್ವತಿ ಅಮ್ಮನವರ ಸನ್ನಿಧಿಯ ಪಕ್ಕದ ಕಂಬಕ್ಕೊರಗಿ ನಾವು ಕತ್ತಲಾಗುವ ತನಕ ಮಾತಾಡಿದೆವು. ಅಲ್ಲಿಂದ ಆ ಕಂಬ ನಮ್ಮದಾಯಿತು. ಮರುವರ್ಷ ಇಂಥದೇ ಚೀಟಿ ಅತ್ತೆಯವರ ಕಣ್ಣಿಗೆ ಬಿದ್ದಾಗ ಅಕ್ಕ ಕಣ್ಣು ಮಿಟುಕಿಸದೆ "ಅಂಗಡಿ ಚೀಟಿ ಅತ್ತೆ, ಸೇರಿಹೋಗಿದೆ" ಎಂದಿದ್ದರು. ದೇವರ ಮುಂದೆ ಹೇಳಿದ ಆ ಸುಳ್ಳಿಗೆ ಅಮ್ಮನವರು ಕೋಪಿಸಿಕೊಂಡಂತೆ ನನಗಂತೂ ಕಾಣಲಿಲ್ಲ.

1996ರಲ್ಲಿ ನನ್ನ ತಾಯಿ ಹೋದರು. ಗೌರಿಯ ಪಾಲಿನ ಮೊರದ ನಂತರ ತಾಯಿಗೆಂದು ಎತ್ತಿಡುವ ಮೊರವನ್ನು ಆ ವರ್ಷ ಯಾರಿಗೆ ಕೊಡಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ಅಕ್ಕನಿಗೆ ಕೊಟ್ಟು ನಮಸ್ಕಾರ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು.

2011ರಲ್ಲಿ ಭಾವನವರು ಹೋದರು. ಆ ವರ್ಷ ಗೌರಿ ಹಬ್ಬ ಹತ್ತಿರ ಬಂದಾಗ ನಾನು ಎಂದಿನಂತೆ ಮೊರ ಸಿದ್ಧಮಾಡಿಕೊಂಡು ಹೋದೆ. ಅಕ್ಕ ಬಾಗಿಲಲ್ಲೇ ತಡೆದರು. "ನನಗೇನೂ ಇಲ್ಲ ಕಣೇ. ನಾಳೆ ನಿನ್ನ ಮನೇಲಿ ಯಾರಿಗಾದ್ರೂ ಒಂದು ಸಣ್ಣ ಜ್ವರ ಬಂದ್ರೂ ಜನ ಈ ಮೊರಾನೇ ತೋರಿಸ್ತಾರೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ದೀಪ ಸೀಳಿತ್ತಲ್ಲ, ಅದಕ್ಕೇ ಹೀಗಾಯ್ತೇನೇ?" ಎಂದು ಕೇಳಿದರು. ಐದು ವರ್ಷದ ವ್ರತದಲ್ಲಿ ಒಂದು ವಾರವನ್ನೂ ತಪ್ಪಿಸದೆ ಉದ್ಯಾಪನೆ ಮಾಡಿದ್ದ ಹೆಂಗಸು, ಮೂವತ್ತು ವರ್ಷಗಳಿಗೂ ಹಿಂದೆ ಮೆತ್ತಿದ ಒಂದು ಚಿಟಿಕೆ ಹಿಟ್ಟನ್ನು ಎದೆಯಲ್ಲಿಟ್ಟುಕೊಂಡಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಹಾಗಾದ್ರೆ ಮಗುಚೋ ಕೈಯನ್ನೇ ಬೀಳಿಸಿದ ನನಗೆ ಏನಾಗ್ಬೇಕಿತ್ತು ಅಕ್ಕ?" ಎಂದೆ. ತಿಂಗಳುಗಳ ನಂತರ ಅವರು ನಕ್ಕದ್ದು ಆಗಲೇ.

ವ್ರತದ ಕಥೆಯನ್ನು ನಾನು ನಂಬುತ್ತೇನೆ, ಈಗಲೂ ತಪ್ಪದೆ ಓದುತ್ತೇನೆ. ಆದರೆ ಹಿಟ್ಟಿನ ದೀಪ ಸೀಳಿತೆಂದು ಒಬ್ಬಳ ಕುಂಕುಮ ಅಳಿಸುವ ಗೌರಿ ನನಗೆ ಗೊತ್ತಿಲ್ಲ. ತವರಿಗೆಂದು ಒಂದು ದಿನ ಮೊದಲು ಬಂದು, ಕರೆದೊಯ್ಯಲು ಮರುದಿನ ಮಗ ಗಣೇಶ ಬಂದಾಗ ಮಡಿಲಕ್ಕಿ ತುಂಬಿಸಿಕೊಂಡು ಹಿಂದಿರುಗುವ ಆ ತಾಯಿ, ಅಕ್ಕನಂಥವಳ ಮನೆಯನ್ನು ಬಿಟ್ಟು ಬೇರೆಲ್ಲೋ ಇಳಿದುಕೊಂಡಾಳೆಂದು ನಾನು ಹೇಗೆ ಒಪ್ಪಲಿ?

ನನ್ನ ಹಟಕ್ಕೆ ಅಕ್ಕನೇ ಒಂದು ದಾರಿ ಹುಡುಕಿದರು. "ಬಾಗಿನ ತಗೊಳ್ಳೋದಿಲ್ಲ, ಮೊರ ಕಳಿಸು. ಅರಿಸಿನ ನಾನು ಬಳಿದು ಕೊಡ್ತೀನಿ" ಎಂದರು. ಅಂದಿನಿಂದ ಹೋದ ವರ್ಷದವರೆಗೆ ಐದು ಜೊತೆ ಮೊರಗಳು ಪ್ರತಿ ಭಾದ್ರಪದದಲ್ಲಿ ಅವರ ಮನೆಗೆ ಬಿಳಿಯಾಗಿ ಹೋಗಿ ಹಳದಿಯಾಗಿ ಬರುತ್ತಿದ್ದವು. ಬಿದಿರಿನ ಹೆಣಿಗೆಯ ಸಂದುಗಳಿಗೂ ಬೆರಳ ತುದಿಯಿಂದ ಅರಿಸಿನ ತುಂಬಿ, ಬಿಸಿಲಿಗೆ ಇಡದೆ ನೆರಳಲ್ಲೇ ಒಣಗಿಸುತ್ತಿದ್ದರು. ಅಂಚಿನಲ್ಲಿ ಒಂದು ಎಳೆಯೂ ಬಿಳಿ ಉಳಿಯುತ್ತಿರಲಿಲ್ಲ. ಊರಿನ ಎಷ್ಟೋ ಮುತ್ತೈದೆಯರು ಆ ಮೊರಗಳನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಬಳಿದ ಕೈ ಯಾರದೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಈ ವರ್ಷ ಅಕ್ಕನ ಮಗನ ಮನೆಯಲ್ಲಿ ಹಬ್ಬವಿರಲಿಲ್ಲ. ನಮಗೆ ಹತ್ತು ದಿನದ ಮೈಲಿಗೆ ಕಳೆದಿರುವುದರಿಂದ ವ್ರತಕ್ಕೆ ಅಡ್ಡಿಯಿಲ್ಲವೆಂದು ಪುರೋಹಿತರು ಹೇಳಿದರು. ನಾನು ಬಳಿದ ಅರಿಸಿನ ನೀರು ಹೆಚ್ಚಾಗಿ ಬಿರುಕುಬಿಟ್ಟಿತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಹದಿನಾರು ಗಂಟಿನ ಗೌರಿದಾರವನ್ನು ಕೈಗೆ ಕಟ್ಟಿಸಿಕೊಂಡು ನಾಲ್ಕು ಬಾಗಿನಗಳನ್ನು ಮನೆಯಲ್ಲೇ ಮುಗಿಸಿದೆ. ತಾಯಿಯ ಪಾಲಿನದನ್ನು ಮಾತ್ರ ಸಂಜೆ ಪಾರ್ವತಿ ಅಮ್ಮನವರ ಸನ್ನಿಧಿಗೆ ಒಯ್ದೆ. ಅರ್ಚಕರು ಮೇಲಿನ ಮೊರ ತೆಗೆದು, ಅಕ್ಕಿಯನ್ನು ಪಾತ್ರೆಗೆ ಸುರಿಯುವಾಗ ಮಡಿಸಿದ ಕಾಗದವೊಂದು ಜಾರಿ ಕೆಳಗೆ ಬಿತ್ತು.

"ಇದೇನಮ್ಮಾ ಇದು?" ಎಂದು ಅದನ್ನೆತ್ತಿ ಹಿಡಿದರು.

"ಅಂಗಡಿ ಚೀಟಿ ಸ್ವಾಮಿ, ಸೇರಿಹೋಗಿದೆ" ಎಂದು ಕೈಚಾಚಿ ಇಸಿದುಕೊಂಡು, ಹೋಗಿ ಆ ಕಂಬಕ್ಕೊರಗಿ ಕುಳಿತೆ.