ಚೀನೀ ಮಾತುಗಳಿಂದ ತುಂಬಿದ ‘ದೊಂಗುಯಿ ಬೊಗಮ್’ ಕೊರಿಯಾದ್ದು ಹೇಗಾಯಿತು?

ಪೂರ್ವ ಏಷ್ಯಾದ ಹಳೆಯ ವೈದ್ಯಗ್ರಂಥಗಳಲ್ಲಿ ನನಗೆ ಆಸಕ್ತಿಯಿದೆಯೆಂದು ತಿಳಿದ ಮೇಲೆ ಜನ ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆಯನ್ನು. ಕೊರಿಯಾದ ಧಾರಾವಾಹಿಗಳನ್ನು ನೋಡುವವರೂ ಅದನ್ನೇ ಕೇಳುತ್ತಾರೆ, ಆಯುರ್ವೇದ ಓದಿದವರೂ ಅದನ್ನೇ ಕೇಳುತ್ತಾರೆ: “ದೊಂಗುಯಿ ಬೊಗಮ್ ಎಂಬುದು ಕೊರಿಯಾದ ವೈದ್ಯದ ಮುಖ್ಯ ಗ್ರಂಥ ಎನ್ನುತ್ತೀರಿ. ಆದರೆ ಅದರ ಬರಹ ಚೀನೀ ಲಿಪಿಯಲ್ಲಿದೆ, ಒಳಗಿನ ಬಹುಪಾಲು ಮಾತುಗಳು ಚೀನೀ ಗ್ರಂಥಗಳಿಂದ ಎತ್ತಿಕೊಂಡವು. ಹಾಗಿದ್ದ ಮೇಲೆ ಅದು ಕೊರಿಯಾದ್ದು ಹೇಗೆ?”

ಪ್ರಶ್ನೆಯ ಮೊದಲರ್ಧ ನಿಜ ಎಂದು ಒಪ್ಪಿಕೊಂಡೇ ಉತ್ತರ ಆರಂಭಿಸಬೇಕು. ಪುಸ್ತಕ ಶಾಸ್ತ್ರೀಯ ಚೀನೀ ಭಾಷೆಯಲ್ಲಿದೆ. ಅದು ಆಧಾರವಾಗಿ ಹೆಸರಿಸುವ 80ಕ್ಕೂ ಹೆಚ್ಚು ಗ್ರಂಥಗಳಲ್ಲಿ ಕೊರಿಯಾದವು ಬೆರಳೆಣಿಕೆಯಷ್ಟು, ಉಳಿದವೆಲ್ಲ ಚೀನಾದವು. ಇದನ್ನು ಸಂಕಲನಕಾರ ಮುಚ್ಚಿಟ್ಟಿಲ್ಲ. ಒಂದೊಂದು ಮಾತಿನ ಕೊನೆಯಲ್ಲೂ ಅದು ಯಾವ ಗ್ರಂಥದ್ದೆಂದು ಚಿಕ್ಕ ಅಕ್ಷರಗಳಲ್ಲಿ ನಮೂದಿಸಿದ್ದಾನೆ. 17ನೆಯ ಶತಮಾನದ ಆರಂಭದಲ್ಲಿ ಅರಮನೆಯ ವೈದ್ಯನೊಬ್ಬ ಇಷ್ಟು ಕಟ್ಟುನಿಟ್ಟಾಗಿ ಋಣ ಒಪ್ಪಿಕೊಂಡಿರುವುದನ್ನು ನೋಡಿದರೆ, ಅವನ ಮೇಲೆ ನಕಲಿನ ಆರೋಪ ಹೊರಿಸಲು ಮನಸ್ಸು ಬರುವುದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಪುಸ್ತಕ ಹುಟ್ಟಿದ ಸಂದರ್ಭದಿಂದಲೇ ಉತ್ತರ ಹುಡುಕಬೇಕು.

1592ರಲ್ಲಿ ಜಪಾನಿನ ಸೇನೆ ಅಂದಿನ ಕೊರಿಯಾ ಆದ ಜೊಸೊನ್ ರಾಜ್ಯದ ಮೇಲೆ ದಂಡೆತ್ತಿ ಬಂದಾಗ ರಾಜ ಸೊನ್ಜೊ ರಾಜಧಾನಿಯನ್ನು ಬಿಟ್ಟು ಉತ್ತರದ ಗಡಿಯ ಉಯಿಜುವಿನವರೆಗೆ ಹೋಗಬೇಕಾಯಿತು. ಜೊತೆಯಲ್ಲಿ ಹೋದ ಕೆಲವೇ ಮಂದಿಯಲ್ಲಿ ಈ ಪುಸ್ತಕದ ಸಂಕಲನಕಾರ, ಆಸ್ಥಾನವೈದ್ಯ ಹೊ ಜುನ್ ಒಬ್ಬ. ಅವನು ಕುಲೀನ ತಂದೆಗೆ ಉಪಪತ್ನಿಯಲ್ಲಿ ಹುಟ್ಟಿದವನು, ಅಂಥವರಿಗೆ ಆ ಕಾಲದಲ್ಲಿ ದೊಡ್ಡ ಅಧಿಕಾರದ ಬಾಗಿಲುಗಳು ಮುಚ್ಚಿದ್ದವು, ವೈದ್ಯವೃತ್ತಿಯ ಬಾಗಿಲು ತೆರೆದಿತ್ತು. 1590ರಲ್ಲಿ ರಾಜಕುಮಾರ ಗ್ವಾಂಗ್‌ಹೆಯ ಸಿಡುಬನ್ನು ವಾಸಿಮಾಡಿದ್ದಕ್ಕೆ ರಾಜ ಅವನಿಗೆ ಉನ್ನತ ಪದವಿ ಕೊಟ್ಟಾಗ ಅಧಿಕಾರಿಗಳು ತಕರಾರೆತ್ತಿದ್ದರು. ಧಾರಾವಾಹಿಗಳಲ್ಲಿ ಅವನು ತನ್ನ ಗುರುವಿನ ಶವವನ್ನೇ ಕೊಯ್ದು ದೇಹವನ್ನು ಅರಿಯುವ ದೃಶ್ಯ ಬರುತ್ತದೆ. ಅದು ಕಥೆಗಾರರ ಕಲ್ಪನೆ. ಆ ಗುರುವಿನ ಪಾತ್ರಕ್ಕೆ ಹೆಸರು ಕೊಟ್ಟ ವೈದ್ಯ ಹೊ ಜುನ್‌ಗಿಂತ ಸುಮಾರು ನೂರು ವರ್ಷ ಈಚಿನವನು.

ಯುದ್ಧದ ನಡುವೆಯೇ, 1596ರಲ್ಲಿ, ಸೊನ್ಜೊ ಹೊಸದೊಂದು ವೈದ್ಯಗ್ರಂಥ ರಚಿಸುವಂತೆ ಆಜ್ಞೆಮಾಡಿದ. ಅವನು ಹೇಳಿದ ಮಾತುಗಳು ಪುಸ್ತಕದ ಮುನ್ನುಡಿಯಲ್ಲಿ ಉಳಿದಿವೆ. ಈಚೆಗೆ ಚೀನಾದಿಂದ ಬರುತ್ತಿರುವ ವೈದ್ಯಗ್ರಂಥಗಳು ಕಂಡದ್ದನ್ನೆಲ್ಲ ಒಟ್ಟುಗೂಡಿಸಿದ ಸಾಮಾನ್ಯ ಸಂಗ್ರಹಗಳಾಗಿವೆ, ಆದ್ದರಿಂದ ಎಲ್ಲವನ್ನೂ ತುಲನೆಮಾಡಿ ಒಂದು ಪುಸ್ತಕ ಕಟ್ಟಬೇಕು. ರೋಗಗಳು ಬರುವುದು ಜನ ತಮ್ಮ ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದರಿಂದ, ಆದ್ದರಿಂದ ಸ್ವಸ್ಥವೃತ್ತ ಮೊದಲು, ಮದ್ದು ಆಮೇಲೆ. ಮೂಲೆಯ ಹಳ್ಳಿಗಳಲ್ಲಿ ವೈದ್ಯರೂ ಇಲ್ಲ, ಔಷಧವೂ ಇಲ್ಲ, ಜನ ಅಕಾಲದಲ್ಲಿ ಸಾಯುತ್ತಿದ್ದಾರೆ. ನಮ್ಮ ನೆಲದಲ್ಲಿ ಮದ್ದಿನ ಗಿಡಗಳು ಹೇರಳವಾಗಿ ಬೆಳೆಯುತ್ತಿದ್ದರೂ ಜನರಿಗೆ ಅವು ಗೊತ್ತಿಲ್ಲ, ಅವುಗಳನ್ನು ವಿಂಗಡಿಸಿ, ನಾಡಿನ ಹೆಸರುಗಳನ್ನೂ ಜೊತೆಗೆ ಬರೆದು, ಜನರಿಗೆ ಸುಲಭವಾಗಿ ತಿಳಿಯುವಂತೆ ಮಾಡಬೇಕು. ಈ ಕೊನೆಯ ಮಾತಿನಲ್ಲೇ ನನ್ನ ಉತ್ತರದ ಬೀಜ ಇದೆ.

ಆರು ಮಂದಿ ವಿದ್ವಾಂಸರ ತಂಡ ಕೆಲಸ ಆರಂಭಿಸಿತು. ಮರುವರ್ಷ ಜಪಾನಿನ ಎರಡನೆಯ ದಾಳಿ ನಡೆದು ತಂಡ ಚೆದುರಿಹೋಯಿತು. ಆಮೇಲೆ ರಾಜ ಅರಮನೆಯ ಭಂಡಾರದಿಂದ 500 ಸಂಪುಟಗಳಷ್ಟು ವೈದ್ಯಗ್ರಂಥಗಳನ್ನು ತೆಗೆಸಿಕೊಟ್ಟು, ಹೊ ಜುನ್ ಒಬ್ಬನೇ ಅದನ್ನು ಮುಗಿಸಬೇಕೆಂದ. ಕೆಲಸ ಅರ್ಧಕ್ಕೂ ಬಂದಿರಲಿಲ್ಲ, 1608ರಲ್ಲಿ ಸೊನ್ಜೊ ತೀರಿಕೊಂಡ. ರಾಜ ಸತ್ತರೆ ರಾಜವೈದ್ಯ ತಪ್ಪಿತಸ್ಥ ಎಂಬುದು ಅಲ್ಲಿನ ಪದ್ಧತಿ. ಹಿಂದೆ ರಾಜನ ಜೊತೆ ಆಶ್ರಯ ಅರಸಿ ಹೋಗಿದ್ದ ಅದೇ ಉಯಿಜುವಿಗೆ ಹೊ ಜುನ್ ಈಗ ಗಡೀಪಾರಾಗಿ ಹೋದ. 1609ರಲ್ಲಿ ಅವನಿಗೆ ಬಿಡುಗಡೆಯಾಯಿತು, 1610ರ ಆಗಸ್ಟಿನಲ್ಲಿ 25 ಸಂಪುಟಗಳ ಗ್ರಂಥ ಹೊಸ ರಾಜನ ಕೈಸೇರಿತು. ಹನ್ನೆರಡು ವರ್ಷಗಳಲ್ಲಿ ಅರ್ಧವೂ ಆಗದ ಕೆಲಸ ಎರಡು ವರ್ಷಗಳಲ್ಲಿ ಪೂರ್ತಿಯಾಗಿದೆ ಎಂದರೆ, ಆ ಗಡೀಪಾರಿನ ಏಕಾಂತಕ್ಕೆ ಕೊರಿಯಾ ಎಷ್ಟು ಋಣಿಯಾಗಿರಬೇಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಸ ರಾಜ ಬೇರಾರೂ ಅಲ್ಲ, ಸಿಡುಬಿನಿಂದ ಬದುಕಿ ಉಳಿದಿದ್ದ ಗ್ವಾಂಗ್‌ಹೆ. ಅವನು ಹೊ ಜುನ್‌ಗೆ ಒಂದು ಕುದುರೆಯನ್ನು ಬಹುಮಾನವಾಗಿ ಕೊಟ್ಟು, ಬೇಗ ಅಚ್ಚುಹಾಕಿಸಿ ಎಂದ. ಯುದ್ಧದಿಂದ ಬರಿದಾದ ರಾಜ್ಯದಲ್ಲಿ ಮರದ ಬಿಡಿ ಅಚ್ಚುಮೊಳೆಗಳಿಂದ ಅದು ಮುದ್ರಣವಾಗುವ ಹೊತ್ತಿಗೆ 1613 ಬಂದಿತ್ತು. ಇನ್ನೆರಡು ವರ್ಷಕ್ಕೆ ಹೊ ಜುನ್ ತೀರಿಕೊಂಡ.

ಹೆಸರಿನ ವಿಷಯವನ್ನು ಅವನೇ ವಿವರಿಸಿದ್ದಾನೆ. ಚೀನಾದಲ್ಲಿ ಒಬ್ಬ ಮಹಾವೈದ್ಯನಿಂದ ಉತ್ತರದ ವೈದ್ಯವೂ ಇನ್ನೊಬ್ಬನಿಂದ ದಕ್ಷಿಣದ ವೈದ್ಯವೂ ಹೆಸರು ಪಡೆದಿವೆ. ನಮ್ಮ ದೇಶ ಪೂರ್ವದ ಮೂಲೆಯಲ್ಲಿದ್ದರೂ ಇಲ್ಲಿ ವೈದ್ಯದ ದಾರಿ ಕಡಿಯದೆ ಬಂದಿದೆ, ಆದ್ದರಿಂದ ನಮ್ಮದನ್ನು ಪೂರ್ವದ ವೈದ್ಯ ಎನ್ನಬಹುದು. ಇದು ‘ದೊಂಗುಯಿ’ ಎಂಬುದರ ಅರ್ಥ. ‘ಬೊಗಮ್’ ಎಂದರೆ ಅಮೂಲ್ಯ ಕನ್ನಡಿ. ಪುಸ್ತಕ ತೆರೆದರೆ ರೋಗದ ಲಘು ಗುರುಗಳು ಕನ್ನಡಿಯಲ್ಲಿ ಕಂಡಂತೆ ಕಾಣಬೇಕೆಂಬುದು ಅವನ ಆಶಯ. ಮಂಗರಾಜನು 14ನೆಯ ಶತಮಾನದಲ್ಲಿ ಬರೆದ ವಿಷವೈದ್ಯ ಗ್ರಂಥಕ್ಕೆ ‘ಖಗೇಂದ್ರಮಣಿದರ್ಪಣ’ ಎಂಬ ಹೆಸರಿರುವುದನ್ನು ಬಲ್ಲ ಕನ್ನಡಿಗನಿಗೆ ಈ ಕನ್ನಡಿ ಅಪರಿಚಿತವೆನಿಸಲಾರದು. ಗಮನಿಸಬೇಕಾದದ್ದು ಹೊ ಜುನ್‌ನ ವಾದದ ಧಾಟಿಯನ್ನು. ಅವನು ಚೀನಾಕ್ಕೆ ಎದುರಾಗಿ ಬೇರೊಂದು ವೈದ್ಯವನ್ನು ಹೂಡುತ್ತಿಲ್ಲ, ಒಂದೇ ದೊಡ್ಡ ಮನೆಯಲ್ಲಿ ಉತ್ತರದ ಕೋಣೆ, ದಕ್ಷಿಣದ ಕೋಣೆಗಳ ಪಕ್ಕದಲ್ಲಿ ಪೂರ್ವದ ಕೋಣೆಗೂ ಜಾಗವಿದೆ ಎನ್ನುತ್ತಿದ್ದಾನೆ. ಇಂದು ನಾವು ‘ಯಾರದ್ದು’ ಎಂದು ಕೇಳುವ ದನಿಯಲ್ಲಿ ಆ ಕಾಲದವರು ಕೇಳುತ್ತಿರಲಿಲ್ಲ.

ಇನ್ನು ಪುಸ್ತಕದ ಜೋಡಣೆ. ಆ ಕಾಲದ ಹಲವು ಚೀನೀ ಸಂಗ್ರಹಗಳು ಪಾರ್ಶ್ವವಾಯುವಿನಂಥ ರೋಗದಿಂದಲೇ ಆರಂಭವಾಗುತ್ತವೆ. ಹೊ ಜುನ್ ರೋಗಗಳನ್ನು ಹಿಂದಕ್ಕೆ ಸರಿಸಿ ದೇಹವನ್ನು ಮುಂದಿಟ್ಟ. ವಿಷಯಸೂಚಿಗೇ ಎರಡು ಸಂಪುಟಗಳು ಮೀಸಲು. ಅದಾದ ಮೇಲೆ ದೇಹದ ಒಳಭಾಗಕ್ಕೆ ನಾಲ್ಕು, ಹೊರಭಾಗಕ್ಕೆ ನಾಲ್ಕು, ನಾನಾ ರೋಗಗಳಿಗೆ ಹನ್ನೊಂದು, ಔಷಧದ್ರವ್ಯಗಳಿಗೆ ಮೂರು, ಸೂಜಿ ಮತ್ತು ಸುಡುಚಿಕಿತ್ಸೆಗೆ ಒಂದು. ಒಳಭಾಗದ ಅಧ್ಯಾಯಗಳನ್ನು ಓದುತ್ತ ಹೋದರೆ ಸತ್ತ್ವ, ಪ್ರಾಣ, ಚೈತನ್ಯ, ರಕ್ತ ಇವುಗಳ ಬೆನ್ನಿಗೇ ಕನಸು ಬರುತ್ತದೆ, ಕನಸಿನ ಆಮೇಲೆ ದನಿ, ಮಾತು, ಅಲ್ಲಿಂದ ಅಂಗಾಂಗಗಳು, ಹೊಟ್ಟೆಯ ಹುಳು, ಮೂತ್ರ, ಮಲ. ಕನಸಿಗೂ ಮಲಕ್ಕೂ ಒಂದೇ ವಿಭಾಗದಲ್ಲಿ ಸ್ಥಾನ ಕೊಟ್ಟವನು ಮನುಷ್ಯನನ್ನು ಇಡಿಯಾಗಿ ನೋಡಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಆರಂಭದಲ್ಲೇ ಇರುವ ದೇಹದ ಚಿತ್ರದಲ್ಲಿ ಪಕ್ಕಕ್ಕೆ ತಿರುಗಿದ ಒಬ್ಬ ವ್ಯಕ್ತಿ ಇದ್ದಾನೆ, ಅವನಿಗೆ ಕೈಕಾಲುಗಳಿಲ್ಲ, ಕಣ್ಣು ತೆರೆದಿದೆ. ತಲೆಯಿಂದ ಬೆನ್ನುಹುರಿ ಇಳಿದು ಬಂದಿದೆ.

ಆ ಚಿತ್ರವಿರುವ ಅಧ್ಯಾಯದಲ್ಲೇ ನಮ್ಮ ಕಡೆಯಿಂದ ಹೋದ ಒಂದು ಮಾತಿದೆ. ‘ನಾಲ್ಕು ಮಹಾಭೂತಗಳಿಂದ ದೇಹ’ ಎಂಬ ತಲೆಬರಹದ ಕೆಳಗೆ ಬೌದ್ಧರ ಮಾತೆಂದು ಹೇಳಿ, ಭೂಮಿ, ನೀರು, ಬೆಂಕಿ, ಗಾಳಿ ಸೇರಿ ಮನುಷ್ಯನಾಗುತ್ತಾನೆ ಎಂದು ಬರೆದಿದೆ. ಸ್ನಾಯು, ಮೂಳೆ, ಮಾಂಸ ಭೂಮಿಯವು, ರಕ್ತ ಮತ್ತು ದ್ರವಗಳು ನೀರಿನವು, ಉಸಿರಿನ ಬಿಸುಪು ಬೆಂಕಿಯದು, ಚಲನೆ ಗಾಳಿಯದು. ಆಯುರ್ವೇದದ ಪಂಚಭೂತಗಳಲ್ಲಿರುವ ಆಕಾಶ ಇಲ್ಲಿ ಕಾಣುವುದಿಲ್ಲ, ಏಕೆಂದರೆ ಬೌದ್ಧರ ಎಣಿಕೆ ನಾಲ್ಕೇ. ಭಾರತದಿಂದ ಚೀನಾಕ್ಕೂ ಅಲ್ಲಿಂದ ಕೊರಿಯಾಕ್ಕೂ ನಡೆದುಬಂದ ಈ ನಾಲ್ಕು ಸಾಲುಗಳನ್ನು ಕಂಡ ಮೇಲೆ, ‘ಮೂಲ ಯಾರದ್ದು’ ಎಂಬ ಪ್ರಶ್ನೆಯನ್ನು ಕೊನೆಮುಟ್ಟಿಸುವ ಉತ್ಸಾಹ ನನಗಂತೂ ಕಡಿಮೆಯಾಗಿದೆ.

ಆದರೆ ಪುಸ್ತಕ ಕೊರಿಯಾದ್ದಾಗುವುದು ಔಷಧದ್ರವ್ಯಗಳ ಮೂರು ಸಂಪುಟಗಳಲ್ಲಿ. ಸುಮಾರು 1,400 ದ್ರವ್ಯಗಳ ಈ ಪಟ್ಟಿ ಗಿಡಮೂಲಿಕೆಯಿಂದ ಆರಂಭವಾಗದೆ ನೀರಿನಿಂದ ಆರಂಭವಾಗುತ್ತದೆ. ಸೃಷ್ಟಿಯಲ್ಲಿ ನೀರೇ ಮೊದಲು, ಆದ್ದರಿಂದ ಇಲ್ಲಿಯೂ ಅದೇ ಮೊದಲು ಎಂಬುದು ಅವನ ಕಾರಣ. ಮೂವತ್ತಮೂರು ಬಗೆಯ ನೀರುಗಳನ್ನು ಹೇಳುತ್ತಾನೆ: ಚಳಿಗಾಲದ ಹಿಮ ಕರಗಿದ ನೀರು, ಸಮುದ್ರದ ನೀರು, ಹಳದಿ ಮಣ್ಣಿನ ಗುಂಡಿಯಲ್ಲಿ ಕದಡಿ ತಿಳಿಯಾದ ನೀರು, ಕುದಿಸಿದ ನೀರಿಗೆ ತಣ್ಣೀರು ಬೆರೆಸಿದ್ದು. ಮೊದಲನೆಯದು ಬಾವಿಯದೇ ನೀರು. ಚೀನೀ ಅಕ್ಷರಗಳಲ್ಲಿ ಅದರ ಶಾಸ್ತ್ರೀಯ ಹೆಸರು, ಅದರ ಕೆಳಗೆ ಕೊರಿಯಾದ ಸ್ವಂತ ಲಿಪಿಯಾದ ಹಂಗುಲ್‌ನಲ್ಲಿ ‘ನಸುಕಿನಲ್ಲಿ ಮೊದಲು ಸೇದಿದ ಬಾವಿನೀರು’ ಎಂಬರ್ಥದ ಅಚ್ಚ ಕೊರಿಯನ್ ಮಾತು, ಬಳಿಕ ರುಚಿ ಸಿಹಿ, ವಿಷವಿಲ್ಲ, ಬಾಯಿಯ ವಾಸನೆ ಹೋಗಲಾಡಿಸುತ್ತದೆ, ಮುಖಕ್ಕೆ ಕಳೆ ಕೊಡುತ್ತದೆ ಎಂಬ ಗುಣವಿವರ. ಆಕಾಶದ ಸತ್ತ್ವ ರಾತ್ರಿಯಿಡೀ ನೀರಿನ ಮೇಲೆ ನೆಲೆಸಿರುವುದರಿಂದ ಬಲವರ್ಧಕ ಕಷಾಯಗಳಿಗೆ ಈ ನೀರನ್ನೇ ಬಳಸಬೇಕಂತೆ. ಗುಣವಿವರ ಬಂದದ್ದು ಚೀನಾದಿಂದ. ಹೆಸರು ಬಂದದ್ದು ಹಳ್ಳಿಯ ಬಾವಿಕಟ್ಟೆಯಿಂದ.

ಹೀಗೆ 600ಕ್ಕೂ ಹೆಚ್ಚು ದ್ರವ್ಯಗಳಿಗೆ ನಾಡಿನ ಹೆಸರುಗಳಿವೆ. ಜಿನ್‌ಸೆಂಗ್ ಬೇರಿಗೆ ಕೊಟ್ಟ ಹೆಸರು ‘ಸಿಮ್’, ಕಾಡುಬೇರು ಅಗೆಯುವವರನ್ನು ಇಂದಿಗೂ ಅಲ್ಲಿ ‘ಸಿಮ್ಮನಿ’ ಎನ್ನುತ್ತಾರೆ. ನಾಡಿನ ಮದ್ದಾದರೆ ಅದು ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಕೀಳಬೇಕು, ನೆರಳಿನಲ್ಲಿ ಒಣಗಿಸಬೇಕೋ ಬಿಸಿಲಿನಲ್ಲೋ ಎಂಬುದೂ ಇದೆ. ಹೊರಗಿನಿಂದ ತರಿಸಬೇಕಾದದ್ದಕ್ಕೆ ‘ಚೀನಾದ್ದು’ ಎಂದು ಒಂದಕ್ಷರದ ಗುರುತು. ಅಂಗಡಿಗೆ ಹೋಗುವ ಮೊದಲೇ ಯಾವುದು ಹಿತ್ತಲಲ್ಲಿದೆ, ಯಾವುದಕ್ಕೆ ಹಣ ಬೇಕು ಎಂದು ವೈದ್ಯನಿಗೆ ತಿಳಿಯುತ್ತಿತ್ತು. ನಾಡಿನ ಮದ್ದುಗಳ ಬಗ್ಗೆ 1433ರಲ್ಲೇ 85 ಸಂಪುಟಗಳ ಗ್ರಂಥ ಬಂದಿತ್ತು ನಿಜ, ಆದರೆ ಆಗ ಹಂಗುಲ್ ಲಿಪಿ ಇನ್ನೂ ಹುಟ್ಟಿರಲಿಲ್ಲ. ನಾಡಿನ ಹೆಸರನ್ನೂ ಚೀನೀ ಅಕ್ಷರಗಳಲ್ಲೇ ಹೇಗೋ ಹೊಂದಿಸಿ ಬರೆಯಬೇಕಿತ್ತು.

ಪ್ರಮಾಣದ ವಿಷಯದಲ್ಲೂ ಅದೇ ಎಚ್ಚರ. ಹಳೆಯ ಔಷಧಯೋಗಗಳಲ್ಲಿ ಹೇಳಿದಷ್ಟು ದ್ರವ್ಯಗಳನ್ನು ಬಡವರ ಮನೆಯವರು ಹೇಗೆ ಹೊಂದಿಸಿಯಾರು ಎಂದು ಹೊ ಜುನ್ ತನ್ನ ಪೀಠಿಕೆಯಲ್ಲಿ ಕೇಳುತ್ತಾನೆ. ಮತ್ತೆ ಕೆಲವರು ಒಂದು ಪೊಟ್ಟಣಕ್ಕೆ ಐದು ದೊನ್ (ದೊನ್ ಅಲ್ಲಿನ ತೂಕದ ಅಳತೆ) ಸಾಕೆಂದು ಇಳಿಸಿದ್ದರು. ನಾಲ್ಕೈದು ದ್ರವ್ಯಗಳಿದ್ದರೆ ಅದು ಸರಿ, ಇಪ್ಪತ್ತು ಮೂವತ್ತಿದ್ದರೆ ಒಂದೊಂದೂ ಚಿಟಿಕೆಗಿಂತ ಕಡಿಮೆಯಾಗಿ ಗುಣ ಎಲ್ಲಿಂದ ಬಂದೀತು ಎಂದು ಅವನ ಆಕ್ಷೇಪ. ಕೊನೆಗೆ ಪೊಟ್ಟಣಕ್ಕೆ ಏಳೆಂಟು ದೊನ್, ಹೆಚ್ಚೆಂದರೆ ಹತ್ತು ದೊನ್ ಅಂದರೆ ಒಂದು ನ್ಯಾಂಗ್ ಎಂದು ನಿಗದಿಮಾಡಿದ. ಇಂದಿನ ಲೆಕ್ಕದಲ್ಲಿ ಒಂದು ದೊನ್ 3.75 ಗ್ರಾಂ. ಈ ಅಳತೆಯನ್ನೂ ಮಿಂಗ್ ಕಾಲದ ಎರಡು ಹೊಸ ಚೀನೀ ಪುಸ್ತಕಗಳಿಂದ ತೆಗೆದುಕೊಂಡೆನೆಂದು ಅವನೇ ಹೇಳಿದ್ದಾನೆ. ಅದೂ ಸಾಲದೆಂಬಂತೆ ಅಧ್ಯಾಯಗಳ ಕೊನೆಯಲ್ಲಿ ಏಕಮೂಲಿಕೆಯ ಚಿಕಿತ್ಸೆಗಳನ್ನು ಬೇರೆಯಾಗಿ ಜೋಡಿಸಿದ್ದಾನೆ.

ಹಾಗೆಂದು ಹಳ್ಳಿಗರು ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ಓದಿದರು ಎಂದುಕೊಳ್ಳಬಾರದು. ಹೆಸರುಗಳು ಹಂಗುಲ್‌ನಲ್ಲಿದ್ದರೂ ಉಳಿದದ್ದು ಚೀನೀ ಬಲ್ಲವರಿಗೆ ಮಾತ್ರ ದಕ್ಕುವಂಥದು. ಆ ಕೊರತೆ ಹೊ ಜುನ್‌ಗೂ ಗೊತ್ತಿದ್ದಿರಬೇಕು, ಏಕೆಂದರೆ 1607 ಮತ್ತು 1608ರಲ್ಲಿ ತುರ್ತು ಚಿಕಿತ್ಸೆ, ಸಿಡುಬು, ಹೆರಿಗೆ ಈ ಮೂರು ವಿಷಯಗಳ ಮೇಲೆ ಹಂಗುಲ್ ಅನುವಾದ ಸಹಿತವಾದ ಚಿಕ್ಕ ಪುಸ್ತಕಗಳನ್ನು ಅವನು ಹೊರತಂದಿದ್ದ. ಪುಸ್ತಕದಲ್ಲಿ ಇಂದು ಓದಿದರೆ ನಗು ಬರುವ ಭಾಗಗಳೂ ಇವೆ: ಅದೃಶ್ಯನಾಗುವ ಉಪಾಯ, ದೆವ್ವವನ್ನು ಕಾಣುವ ಮದ್ದು, ಗರ್ಭಿಣಿಯ ಹಾಸಿಗೆಯಡಿ ಕೊಡಲಿ ಇಟ್ಟು ಹೆಣ್ಣು ಭ್ರೂಣವನ್ನು ಗಂಡಾಗಿಸುವ ವಿಧಿ. 2009ರ ಜುಲೈಯಲ್ಲಿ ಯುನೆಸ್ಕೊ ಈ ಗ್ರಂಥವನ್ನು ‘ವಿಶ್ವ ಸ್ಮೃತಿ’ ದಾಖಲೆಗೆ ಸೇರಿಸಿದಾಗ ಕೊರಿಯಾದ ಆಧುನಿಕ ವೈದ್ಯರಲ್ಲಿ ಕೆಲವರು ಎತ್ತಿ ತೋರಿಸಿದ್ದು ಇವುಗಳನ್ನೇ. ಯುನೆಸ್ಕೊ ಮನ್ನಣೆ ಒಂದು ಚಾರಿತ್ರಿಕ ದಾಖಲೆಗೆ ಸಂದದ್ದು, ಅದರೊಳಗಿನ ಚಿಕಿತ್ಸೆಗಳಿಗೆ ಸಂದದ್ದಲ್ಲ ಎಂಬ ಅವರ ಮಾತು ನನಗೆ ಒಪ್ಪಿಗೆ.

ಪುಸ್ತಕ ಗಡಿಯನ್ನೂ ದಾಟಿತು. 1724ರಲ್ಲಿ ಜಪಾನಿನಲ್ಲಿ ಅಲ್ಲಿನ ಸೇನಾ ಆಡಳಿತಗಾರ ಷೋಗನ್‌ನ ಆಜ್ಞೆಯಿಂದ ಅಚ್ಚಾಯಿತು, 1760ರ ದಶಕದಲ್ಲಿ ಚೀನಾದಲ್ಲಿ. ಚೀನೀ ಮುದ್ರಣದ ಮುನ್ನುಡಿಕಾರ ಲಿಂಗ್ ಯು, ಲೋಕದ ನಿಧಿಯನ್ನು ಲೋಕದೊಡನೆ ಹಂಚಿಕೊಳ್ಳಬೇಕು ಎಂದು ಬರೆದ. 1780ರಲ್ಲಿ ಚೀನೀ ಚಕ್ರವರ್ತಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹೊರಟ ನಿಯೋಗದ ಜೊತೆ ಪಾರ್ಕ್ ಜಿವೊನ್ ಎಂಬ ಕೊರಿಯನ್ ಲೇಖಕ ಅಲ್ಲಿಗೆ ಹೋಗಿದ್ದ. ನಮ್ಮ ದೇಶದ ಪುಸ್ತಕಗಳು ಚೀನಾದಲ್ಲಿ ಅಚ್ಚಾಗುವುದು ಅಪರೂಪ, ಇದೊಂದು ಮಾತ್ರ ಎಲ್ಲೆಡೆ ಹರಡಿದೆ ಎಂದು ಅವನು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಅವನ ಮನೆಯಲ್ಲಿ ಈ ಗ್ರಂಥ ಇರಲಿಲ್ಲ, ಯಾರಿಗಾದರೂ ಹುಷಾರು ತಪ್ಪಿದಾಗ ನೆರೆಯವರಿಂದ ಎರವಲು ತರಬೇಕಿತ್ತು. ಚೀನಾದ ಅಚ್ಚು ಬಹಳ ಅಂದವಾಗಿತ್ತು, ಕೊಳ್ಳುವ ಆಸೆಯೂ ಬಲವಾಗಿತ್ತು. ಬೆಲೆ ಐದು ನ್ಯಾಂಗ್ ಬೆಳ್ಳಿ. ಅಷ್ಟು ಹಣ ಹೊಂದಿಸಲಾಗದೆ ಅವನು ಲಿಂಗ್ ಯುವಿನ ಮುನ್ನುಡಿಯನ್ನಷ್ಟೇ ಕೈಬರಹದಲ್ಲಿ ನಕಲು ಮಾಡಿಕೊಂಡು ಊರಿಗೆ ಮರಳಿದ.