ಮಾರ್ಕೋನಹಳ್ಳಿಯಲ್ಲಿ ಕೈಕೊಟ್ಟ ಮಾರ್ಕೋನಿ

ಕಳೆದ ಭಾನುವಾರ ಬೇಕಂತಲೇ ಮೂರು ಸಲ ಕಯಾಕ್ ಅನ್ನುವ ನನ್ನ ಪುಟ್ಟ ಹುಟ್ಟುದೋಣಿ ಮಗುಚಿಕೊಂಡು ನೀರಿಗೆ ಬಿದ್ದೆ. ಮೂರು ಸಲವೂ ದಡದಲ್ಲಿದ್ದ ಬಜರ್ ಕೂಗಿತು. ಎಡಗಿವಿಯೊಳಗೆ ಇನ್ನೂ ನೀರು ಗುಳುಗುಳು ಅನ್ನುತ್ತಿದೆ, ಪರವಾಗಿಲ್ಲ. ನಾಲ್ಕು ತಿಂಗಳಿನಿಂದ ತಲೆ ತಿನ್ನುತ್ತಿದ್ದ ಸಮಸ್ಯೆ ಒಂದು ಮಟ್ಟಕ್ಕೆ ಬಗೆಹರಿಯಿತು.

ಕಯಾಕ್ ಇಟ್ಟುಕೊಂಡವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ನಡುನೀರಿನಲ್ಲಿ ಎಡವಟ್ಟಾದರೆ ಯಾರನ್ನು ಕರೆಯೋದು, ಯಾವುದರಲ್ಲಿ ಕರೆಯೋದು? ಹೊರದೇಶದ ವಿಡಿಯೊಗಳಲ್ಲಿ ಎಲ್ಲರ ಎದೆ ಮೇಲೂ ದೋಣಿಯವರು ಮಾತಾಡಿಕೊಳ್ಳುವ ವಾಕಿಟಾಕಿ, ಅಂದರೆ ಒಂದು ಮೆರೀನ್ ವಿಎಚ್‌ಎಫ್ ಸೆಟ್ ನೇತಾಡುತ್ತಿರುತ್ತದೆ. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ ಕೂಗಿದರೆ ಕೋಸ್ಟ್ ಗಾರ್ಡ್ ಓಡಿ ಬರುತ್ತದೆ. ಸಮುದ್ರಕ್ಕೆ ಅದು ಸರಿ. ತುಮಕೂರು ಜಿಲ್ಲೆಯ ಕೆರೆಯಲ್ಲಿ ಚಾನೆಲ್ 16ಕ್ಕೆ ಕಿವಿ ಕೊಟ್ಟು ಕೂತವರು ಯಾರಿದ್ದಾರೆ? ಎಮ್ಮೆ ಕೂಡ ತಿರುಗಿ ನೋಡಲ್ಲ. ಸಾಲದ್ದಕ್ಕೆ ಅದಕ್ಕೆ ಲೈಸೆನ್ಸ್ ಬೇರೆ ಬೇಕು.

ಇನ್ನೊಂದು ಪಿಎಲ್‌ಬಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ ಬೀಕನ್. ಭಾರತದಲ್ಲಿ ಅದರ ಕೂಗನ್ನು ನೋಡಿಕೊಳ್ಳುವ ಕೇಂದ್ರ ಇರುವುದು ಇಸ್ರೋದ ಉಪಗ್ರಹ ನಿಗಾ ವಿಭಾಗವಾದ ಇಸ್ಟ್ರಾಕ್‌ನಲ್ಲಿ, ಅದೂ ಬೆಂಗಳೂರಿನಲ್ಲಿ. ನಮ್ಮಿಂದ ಬರೀ 70 ಕಿ.ಮೀ. ನನ್ನ ಕೂಗು ಆಕಾಶಕ್ಕೆ ಹೋಗಿ, ಪಕ್ಕದ ಊರಿಗೆ ಇಳಿದು, ಅಲ್ಲಿಂದ ಫೋನು ಸುತ್ತಾಡಿ ಕುಣಿಗಲ್‌ಗೆ ಬರುವಷ್ಟರಲ್ಲಿ ದಡದಲ್ಲಿರುವ ಭಾವಮೈದ ಈಜಿಕೊಂಡೇ ನನ್ನ ಹತ್ತಿರ ಬಂದಿರುತ್ತಾನೆ. ಒಂಟಿಯಾಗಿ ಸಮುದ್ರಕ್ಕೆ ಹೋಗುವವರಿಗೆ ಅದು ಬೇಕು, ನನಗೆ ಬೇಡ. ಸ್ಯಾಟಲೈಟ್ ಮೆಸೆಂಜರ್ ಬಗ್ಗೆ ಯೋಚಿಸುವವರಿಗೆ ಒಂದೇ ಮಾತು: ಅನುಮತಿ ಇಲ್ಲದೆ ಅದನ್ನು ನಮ್ಮ ದೇಶಕ್ಕೆ ತಂದರೆ ಏರ್‌ಪೋರ್ಟಿನಲ್ಲೇ ಹಿಡಿದು ಕೂರಿಸುತ್ತಾರೆ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸಬೇಡಿ.

ಹಾಗಾಗಿ ಲೋರಾ, ಅಂದರೆ ಕಡಿಮೆ ಬ್ಯಾಟರಿಯಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೊ. 865ರಿಂದ 868 ಮೆಗಾಹರ್ಟ್ಸ್ ಒಳಗೆ ಕಡಿಮೆ ಶಕ್ತಿಯ ಸಾಧನಕ್ಕೆ ಲೈಸೆನ್ಸ್ ಬೇಡ. ಲೋರಾ, ಜಿಪಿಎಸ್ ಎರಡೂ ಇರುವ ಟಿ-ಬೀಮ್ ಬೋರ್ಡು, ಚಾರ್ಜ್ ಮಾಡಬಹುದಾದ ಒಂದು 18650 ಸೆಲ್, ಲೈಫ್ ಜಾಕೆಟ್ಟಿನ ಜೇಬು, ಒಂದು ಕೆಂಪು ಗುಂಡಿ. ಒತ್ತಿದರೆ ನಾನಿರುವ ಜಾಗ ದಡದಲ್ಲಿರುವ ಇನ್ನೊಂದು ಬೋರ್ಡಿಗೆ ಹೋಗಬೇಕು. ಕಟ್ಟಿದ್ದು, ಕೋಡ್ ಹಾಕಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ತುಮಕೂರಿನ ನಮ್ಮ ಟೆರೇಸಿನಿಂದ 2 ಕಿ.ಮೀ. ಸಲೀಸಾಗಿ ಹೋಯಿತು. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

ಆಮೇಲೆ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿಗೆ ಹೋದೆವು. ರೇಡಿಯೊ ಹರಿಕಾರ ಮಾರ್ಕೋನಿಯನ್ನೇ ನೆನಪಿಸುತ್ತದೆ, ರೇಡಿಯೊ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಹೆಸರಿನ ಊರು ಎಲ್ಲಿ ಸಿಗುತ್ತದೆ ಹೇಳಿ? ಅಲ್ಲಿನವರನ್ನು ಕೇಳಿಕೊಂಡು, ಕಟ್ಟೆಯಿಂದ ದೂರದ ಹಿನ್ನೀರಿನಲ್ಲಿ ಇಳಿದೆ. ಶಿಂಷಾ ನದಿಯ ಈ ಕಟ್ಟೆಗೆ ತಾನಾಗಿ ಹರಿಯುವ ಸೈಫನ್‌ಗಳಿವೆ. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಅದೇ ಎಳೆದುಕೊಂಡು ಕೆಳಕ್ಕೆ ಬಿಡುತ್ತದೆ. ಆ ಕಡೆಗೂ ಹೋಗಬೇಡಿ, ಕಟ್ಟೆ ಕೆಳಗಿನ ಹೊಳೆಗೂ ಇಳಿಯಬೇಡಿ. ತಮಾಷೆಯಲ್ಲ.

200 ಮೀಟರಿನ ತನಕ ಚೆನ್ನಾಗಿತ್ತು. 400ಕ್ಕೆ ಸಿಗ್ನಲ್ ಮೈನಸ್ 118 ಡಿಬಿಎಂಗೆ ಇಳಿಯಿತು (ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ). ಆಮೇಲೆ ಏನೂ ಇಲ್ಲ. ದಡದಿಂದ ಫೋನ್ ಬಂತು. ‘ಭಾವ, ನೀವು ಮುಳುಗಿದ್ದೀರಂತೆ. ನನಗೆ ಕಣ್ಣಿಗೆ ಕಾಣ್ತಾ ಇದ್ದೀರ. ಯಾವುದನ್ನು ನಂಬಲಿ?’ ಬಾಯಲ್ಲಿ ಕಡಲೆಪುರಿ ಇಟ್ಟುಕೊಂಡೇ ಕೇಳುತ್ತಿದ್ದ.

ಮೊದಲ ಅನುಮಾನ ಆಂಟೆನಾ ಮೇಲೆ. ಆನ್‌ಲೈನ್ ಅಂಗಡಿಯವನು 868 ಅಂತ ಚೀಟಿ ಅಂಟಿಸಿ ಕಳಿಸಿದ್ದ. ಆಂಟೆನಾ ಅಳೆಯುವ ಪುಟ್ಟ ಯಂತ್ರ ನ್ಯಾನೊವಿಎನ್‌ಎಗೆ ಹಾಕಿ ನೋಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದು 915ರ ಹತ್ತಿರ. ಚೀಟಿ ಕಿತ್ತರೆ ಕೆಳಗೆ ಇನ್ನೊಂದು ಚೀಟಿ, ಅದರಲ್ಲಿ 915! ವಾಪಸ್ ತಗೊಳ್ಳಿ ಅಂತ ಬರೆದೆ. ‘ಸರ್, ಪ್ರಾಡಕ್ಟ್ ಚೆನ್ನಾಗಿದೆ, ಐದು ಸ್ಟಾರ್ ಕೊಡಿ’ ಅಂತ ಉತ್ತರ ಬಂತು. ಕೊನೆಗೆ ತಾಮ್ರದ ತಂತಿಯಲ್ಲಿ ನಾನೇ ಮಾಡಿದೆ. ಅಲೆಯ ಉದ್ದ ಸುಮಾರು 34.6 ಸೆಂ.ಮೀ., ಅದರ ಕಾಲು ಭಾಗ, ಸ್ವಲ್ಪ ಕಡಿಮೆ ಮಾಡಿ 82 ಮಿ.ಮೀ. ಪಿವಿಸಿ ಪೈಪಿನೊಳಗೆ ಇಟ್ಟ ತಕ್ಷಣ ಅದರ ಫ್ರೀಕ್ವೆನ್ಸಿ 20 ಮೆಗಾಹರ್ಟ್ಸ್ ಕೆಳಗೆ ಜಾರಿತು. 2 ಮಿ.ಮೀ. ಕತ್ತರಿಸಿದೆ, ಸರಿಹೋಯಿತು. ಪೈಪಿಗೇನು ಬರ, ಬೋರ್‌ವೆಲ್ ಊರು ನಮ್ಮದು. ‘ವಾಟರ್‌ಪ್ರೂಫ್’ ಅಂತ 900 ರೂಪಾಯಿ ಕೊಟ್ಟು ತಂದ ಡಬ್ಬಿ ಬಕೆಟ್ಟಿನಲ್ಲೇ ನೀರು ಕುಡಿದಿತ್ತು. ಎಂಡ್ ಕ್ಯಾಪ್ ಹಾಕಿದ ಪೈಪು ಇವತ್ತಿಗೂ ಒಣಗಿದೆ.

ಇಷ್ಟೆಲ್ಲ ಮಾಡಿ ಮತ್ತೆ ಹೋದರೆ 500 ಮೀಟರ್. ನಾಲ್ಕು ವಾರಕ್ಕೆ ನೂರು ಮೀಟರ್!

ದಾರಿ ಸಿಕ್ಕಿದ್ದು ಲಾಗ್ ಫೈಲಿನಲ್ಲಿ. ಮನೆಗೆ ಬಂದು ಒಂದೊಂದೇ ಸಾಲು ನೋಡುತ್ತಿದ್ದೆ. ನಾನು ದಡದ ಕಡೆ ಮುಖ ಮಾಡಿ ಬರುವಾಗ ಸಿಗ್ನಲ್ ಚೆನ್ನಾಗಿದೆ. ಬೆನ್ನು ತಿರುಗಿಸಿ ಹೋಗುವಾಗ ಅದೇ ದೂರದಲ್ಲಿ 15 ಡಿಬಿ (ಸಿಗ್ನಲ್ ಬಲ ಹೋಲಿಸುವ ಅಳತೆ) ಕಡಿಮೆ. ಅಡ್ಡ ನಿಂತವನು ನಾನೇ. ಮನುಷ್ಯ ಅಂದರೆ ಅರ್ಧಕ್ಕಿಂತ ಹೆಚ್ಚು ನೀರೇ ತುಂಬಿದ ಚೀಲ, ಈ ಅಲೆಗೆ ಗೋಡೆ ಇದ್ದಂತೆ. ಮದುವೆ ಊಟಗಳ ನಂತರ ನನ್ನ ಗೋಡೆ ಸ್ವಲ್ಪ ದಪ್ಪವೇ.

ಇನ್ನೊಂದು ಕಳ್ಳ ಎತ್ತರ. ಜಾಕೆಟ್ಟಿನ ಜೇಬು ನೀರಿನಿಂದ ಒಂದೂವರೆ ಅಡಿ ಮೇಲಿದೆ ಅಷ್ಟೆ. ಇಷ್ಟು ತಗ್ಗಿನಲ್ಲಿ ನೇರ ಬರುವ ಅಲೆಯನ್ನು ನೀರಿಗೆ ಬಡಿದು ಬರುವ ಅಲೆ ಹೆಚ್ಚುಕಡಿಮೆ ಅಳಿಸಿಹಾಕುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡಿಬಿ ಹೋಗುತ್ತದೆ, ಇಲ್ಲಿ 12 ಹೋಗುತ್ತದೆ. ಆದರೆ ಉಲ್ಟಾ ಲೆಕ್ಕವೂ ಇದೆ. ಒಂದು ಕಡೆಯ ಆಂಟೆನಾ ಎತ್ತರ ಎರಡರಷ್ಟು ಮಾಡಿದರೆ 6 ಡಿಬಿ ಪುಕ್ಕಟೆ ಸಿಗುತ್ತದೆ. ಟೆರೇಸಿನಲ್ಲಿ ನಾನು ಗೆದ್ದಿದ್ದು ಈ ಪುಕ್ಕಟೆಯಿಂದಲೇ.

ಕಯಾಕಿನ ಹಿಂಬದಿಯ ಮೀನುಗಾಳದ ತೂತಿಗೆ ಪೈಪು ಸಿಕ್ಕಿಸಿ ಆಂಟೆನಾವನ್ನು ಐದಡಿಗೆ ಏರಿಸಿದೆ. ದಡದ ಬೋರ್ಡನ್ನು ಬಿದಿರು ಗಳಕ್ಕೆ ಕಟ್ಟಿ 4 ಮೀಟರ್ ಎತ್ತಿದೆವು. 1.6 ಕಿ.ಮೀ.ನಲ್ಲಿ ಮೈನಸ್ 97! ಅದಕ್ಕಿಂತ ದೂರ ಹೋಗೋಕೆ ನನ್ನ ತೋಳು ಬಿಡಲಿಲ್ಲ.

ಖುಷಿ ಎಷ್ಟು ಹೊತ್ತು? ವಾಪಸ್ ಹುಟ್ಟು ಹಾಕುವಾಗ ತಲೆಗೆ ಹೊಳೆಯಿತು. ಕಯಾಕ್ ಮಗುಚಿದರೆ ಐದಡಿ ಕಂಬ ನೀರಿನೊಳಗೆ ತಲೆಕೆಳಗು. ನೀರೊಳಗಿಂದ ಈ ಅಲೆ ಹೊರಗೆ ಬರುವುದಿಲ್ಲ. ಅಂದರೆ ಯಾವಾಗ ಬೇಕೋ ಸರಿಯಾಗಿ ಆವಾಗಲೇ ಇದು ಸತ್ತಿರುತ್ತದೆ. ಮೈಮೇಲಿದ್ದರೆ ದೂರ ಹೋಗಲ್ಲ, ಕಂಬದ ಮೇಲಿದ್ದರೆ ಮುಳುಗುತ್ತದೆ. ಮೂರು ದಿನ ಮನೆಯಲ್ಲಿ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.

ನಾಲ್ಕನೇ ದಿನ ಹೆಂಡತಿ ರೇಗಿದಳು. ‘ನೀವು ಮಾತಾಡದೆ ಕೂತರೇನೇ ನನಗೆ ಗೊತ್ತಾಗುತ್ತೆ, ಏನೋ ಕೆಟ್ಟಿದೆ ಅಂತ.’

ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಬಿದ್ದವನು ಗುಂಡಿ ಒತ್ತಬೇಕು ಅಂತ ಯಾಕೆ ಕಾಯಬೇಕು? ಕೈ ಮರಗಟ್ಟಿರಬಹುದು, ಪ್ರಜ್ಞೆಯೇ ಇಲ್ಲದಿರಬಹುದು. ಅದರ ಬದಲು ಕಯಾಕ್ 30 ಸೆಕೆಂಡಿಗೊಮ್ಮೆ ‘ಇದ್ದೀನಿ, ಇಲ್ಲಿದ್ದೀನಿ’ ಅನ್ನುತ್ತಿರಲಿ. ಸತತ ಮೂರು ಸಲ ಸದ್ದಿಲ್ಲ ಅಂದರೆ ದಡದ ಬಜರ್ ಕೂಗಲಿ, ಕೊನೆಯ ಜಾಗ ಪರದೆ ಮೇಲೆ ನಿಲ್ಲಲಿ. ಕಂಬ ಮುಳುಗಲಿ ಬಿಡಿ, ಮುಳುಗಿದ್ದೇ ಸುದ್ದಿ. ಇದನ್ನು ಜೇಬಿನಲ್ಲಿದ್ದ ಹಳೆಯ ಬೋರ್ಡಿನಲ್ಲಿ ಮಾಡಿದ್ದರೆ ಬೆನ್ನು ತಿರುಗಿಸಿದಾಗಲೆಲ್ಲ ಬಜರ್ ಕೂಗಿ, ಅರ್ಧ ಗಂಟೆಯಲ್ಲಿ ಭಾವಮೈದ ಅದನ್ನು ಆಫ್ ಮಾಡಿ ಮಲಗುತ್ತಿದ್ದ. ಕಂಬ ಹಾಕಿದ ಮೇಲೆ ಎರಡು ಗಂಟೆಯಲ್ಲಿ ತಪ್ಪಿದ್ದು ಬರೀ ನಾಲ್ಕು ಸಂದೇಶ, ಅದೂ ಬಿಡಿಬಿಡಿಯಾಗಿ.

ಮೈಮೇಲೆ ಈಗ ಇರುವುದು ಎರಡೇ. ಭುಜದ ಪಟ್ಟಿಗೆ ಒಳಗೆ ಗೋಲಿ ಇಲ್ಲದ ಪೀಪಿ, ನೀರು ಹೊಕ್ಕರೂ ಊದುತ್ತದೆ. ಜೇಬಿನಲ್ಲಿ ಪಾರದರ್ಶಕ ಚೀಲದೊಳಗೆ ಫೋನು. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಕೇಳುವುದಿಲ್ಲ, ಆದ್ದರಿಂದ ಪವರ್ ಗುಂಡಿ ಪದೇಪದೇ ಒತ್ತಿದರೆ 112ಕ್ಕೆ ಹೋಗುವಂತೆ ಸೆಟ್ಟಿಂಗ್ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಬಕೆಟ್ಟಿಗೆ ಕೈ ಅದ್ದಿಕೊಂಡು ಅಭ್ಯಾಸ ಮಾಡಿ, ಆದರೆ ಕರೆ ಹೋಗುವ ಮುಂಚೆ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ. ಆ ಕಡೆಯವರು ತುಂಬಾ ತಾಳ್ಮೆಯಿಂದ ಮಾತಾಡಿದರು.

ಈ ನಡುವೆ ಮುಂದಿನ ಹುಚ್ಚು ಶುರುವಾಗಿದೆ. ಇದೇ ಬೋರ್ಡಿಗೆ ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್ ಸೇರಿಸಿದರೆ ನೀರಿನ ಮಟ್ಟ ಅಳೆಯಬಹುದು. ಸೈಫನ್ ಹರಿಯುವ ಮಟ್ಟಕ್ಕೆ ಅರ್ಧ ಅಡಿ ಇದೆ ಅನ್ನುವಾಗಲೇ ಕೆಳಗಿನ ಹೊಳೆಯಲ್ಲಿ ಬಟ್ಟೆ ಒಗೆಯುವವರಿಗೆ ಒಂದು ಸೈರನ್. ಕಟ್ಟೆ ಮೇಲೆ ಏನೇ ಇಡಬೇಕಾದರೂ ಅನುಮತಿ ಬೇಕು, ಅರ್ಜಿ ಬರೆಯುತ್ತಿದ್ದೇನೆ. ಸದ್ಯಕ್ಕೆ ಮನೆಯ ಸಂಪಿನಲ್ಲಿ ಪರೀಕ್ಷೆ. ಸೆಖೆ ಜಾಸ್ತಿಯಾದರೆ ಅಳತೆ ಎರಡು ಸೆಂ.ಮೀ. ಏರುಪೇರಾಗುತ್ತದೆ, ಜೊತೆಗೆ ಉಷ್ಣಾಂಶದ ಸೆನ್ಸರ್ ಹಾಕಬೇಕು.

ಇನ್ನು ಭಾನುವಾರದ ಉಳಿದ ಕತೆ. ಮೂರನೇ ಸಲ ಬಿದ್ದು ಎದ್ದು, ಎಲ್ಲ ಕಟ್ಟಿಕೊಂಡು ಹೊರಟೆವು. ಹಸಿವು ತಡೆಯದೆ ಕ್ಯಾತ್ಸಂದ್ರದ ತನಕ ಹೋಗಿ ತಟ್ಟೆ ಇಡ್ಲಿಗೆ ಹೇಳಿದೆವು. ಇಡ್ಲಿ ಬರುವ ಮುಂಚೆ ನಾನು ಸುಮ್ನೆ ಬ್ಯಾಟರಿ ಉಳಿಯಲಿ ಅಂತ ಕಯಾಕಿನ ಬೋರ್ಡು ಆಫ್ ಮಾಡಿದೆ. ಒಂದೂವರೆ ನಿಮಿಷಕ್ಕೆ ಭಾವಮೈದನ ಬ್ಯಾಗು ಕಿರುಚತೊಡಗಿತು. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ನಿಧಾನವಾಗಿ ಬ್ಯಾಗು ತೆಗೆದು ಪರದೆ ನೋಡಿ, ‘ಭಾವ, ನೀವು ಇಡ್ಲಿ ಹೋಟೆಲಲ್ಲಿ ಮುಳುಗಿದ್ದೀರಂತೆ’ ಅಂದ.

‘ಮನೆಗೆ ಹೊರಟೆ’ ಅಂತ ಹೇಳಿ ಆಫ್ ಆಗುವ ಗುಂಡಿಯೊಂದು ಬೇಕು. ಕೆಂಪು ಗುಂಡಿ ಹೇಗೂ ಖಾಲಿ ಬಿದ್ದಿದೆ.